ಬೇರ್‌ಗೆ ಇಯರ್ ಯಾಕೆ ಪ್ರಾಸವಲ್ಲ: ಒಂದು ರೈಮಿಂಗ್ ಸೈಟಿನ ಜೊತೆ ಮೂರು ತಿಂಗಳು

ಮಗಳು ಎರಡನೇ ಕ್ಲಾಸು. ಒಂದು ಸಂಜೆ ಹೋಂವರ್ಕ್ ಪುಸ್ತಕ ಹಿಡಿದುಕೊಂಡು ಬಂದಳು. 'ಬೇರ್' ಪದಕ್ಕೆ ಐದು ರೈಮಿಂಗ್ ವರ್ಡ್ಸ್ ಬರೆಯಬೇಕಿತ್ತು. ಕರಡಿ ಅನ್ನೋ ಅರ್ಥದ ಬೇರ್. ನಾನು ಫೋನಿನಿಂದ ತಲೆ ಎತ್ತದೆ ಹೇಳಿದೆ, "ಅದೇನು ಮಹಾ! ಇಯರ್, ನಿಯರ್, ಡಿಯರ್, ಫಿಯರ್, ಟಿಯರ್. ಎಲ್ಲದರ ಕೊನೆಗೂ ಇ-ಎ-ಆರ್ ಇದೆ ನೋಡು."

ಮಾರನೇ ದಿನ ಪುಸ್ತಕ ವಾಪಸ್ ಬಂತು. ನಾಲ್ಕಕ್ಕೆ ಕೆಂಪು ಇಂಟು. ಕೊನೆಯದಕ್ಕೆ ಮಾತ್ರ ರೈಟ್ ಮಾರ್ಕು. "ಅಪ್ಪಾ, ಟಿಯರ್ ಸರಿ ಅಂತೆ, ಇಯರ್ ತಪ್ಪಂತೆ. ಯಾಕೆ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತು ರಾತ್ರಿ ಅವಳು ಮಲಗಿದ ಮೇಲೆ ಹುಡುಕಲು ಕೂತೆ. ಈ ವಿಮರ್ಶೆ ಶುರುವಾಗಿದ್ದು ಅಲ್ಲಿಂದ.

ಮೊದಲು ಕೈಗೆ ಸಿಕ್ಕಿದ್ದು ಒಂದು ಮೊಬೈಲ್ ಆಪ್. ಹೆಸರು ಬೇಡ. 'ಲವ್' ಅಂತ ಹಾಕಿದೆ. ಮೊದಲ ಸಾಲಿನಲ್ಲೇ 'ಮೂವ್' ಕೊಟ್ಟಿತು. ಪಾಪ, ಅದೂ ನನ್ನ ಹಾಗೆಯೇ ಕೊನೆಯ ಅಕ್ಷರ ನೋಡಿ ಪ್ರಾಸ ಹೇಳುತ್ತಿತ್ತು. ಲವ್, ಮೂವ್ ಎರಡರ ಕೊನೆಗೂ ಒ-ವಿ-ಇ ಇದೆ, ನಿಜ. ಕಣ್ಣಿಗೆ ಪ್ರಾಸ, ಕಿವಿಗೆ ಅಲ್ಲ. ಎರಡು ಪದ ಹುಡುಕುವಷ್ಟರಲ್ಲಿ ಮೂರು ಜಾಹೀರಾತು ಬಂತು. ಅವತ್ತೇ ತೆಗೆದು ಹಾಕಿದೆ.

ಆಮೇಲೆ ಹೋಗಿದ್ದು ರೈಮ್‌ಝೋನ್ ಸೈಟಿಗೆ. ಈಗಲೂ ಅದನ್ನೇ ಬಳಸುತ್ತಿದ್ದೇನೆ. ಹೊಸದಾಗಿ ಕಲಿಯಬೇಕಾದ್ದು ಏನೂ ಇಲ್ಲ. ಪದ ಟೈಪ್ ಮಾಡಿ ಒತ್ತಿದರೆ ಪಟ್ಟಿ ಬರುತ್ತದೆ. ಒಂದು ಸಿಲಬಲ್ಲಿನ, ಅಂದರೆ ಬಾಯಲ್ಲಿ ಒಂದೇ ತುಂಡಾಗಿ ಬರುವ ಪದಗಳು ಮೊದಲು, ಎರಡರವು ಆಮೇಲೆ, ಹೀಗೆ ಗುಂಪು ಗುಂಪಾಗಿ. ಪೂರ್ತಿ ಪ್ರಾಸ ಬೇಡ, ಹತ್ತಿರದ್ದು ಸಾಕು ಅಂದರೆ ಅದಕ್ಕೆ ಬೇರೆ ಆಯ್ಕೆ ಇದೆ. ಅದೇ ಡಬ್ಬಿಯಲ್ಲಿ ಸಮಾನಾರ್ಥಕ ಪದಗಳೂ ಸಿಗುತ್ತವೆ. ನೋಡಲು ಚೆಂದ ಅಂತೇನೂ ಇಲ್ಲ. ಹಳೇ ಕಾಲದ ಸೈಟಿನ ಹಾಗೆ ಸಾದಾ ಆಗಿದೆ. ನನಗೆ ಅದೇ ಇಷ್ಟ.

ಇಂಥ ಸಾಧನಗಳ ಹೊಟ್ಟೆಯಲ್ಲಿ ಏನಿರುತ್ತದೆ ಅಂತ ಒಂದು ದಿನ ಕುತೂಹಲ ಆಯಿತು. ಇಂಗ್ಲಿಷ್ ಪ್ರಾಸ ಹುಡುಕುವ ಹಲವು ಪ್ರೋಗ್ರಾಂಗಳು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಉಚ್ಚಾರಣೆ ಕೋಶವನ್ನು ಬಳಸುತ್ತವೆ. ಅದರಲ್ಲಿ 1,34,000ಕ್ಕೂ ಹೆಚ್ಚು ಪದಗಳಿವೆ. ಅರ್ಥ ಇಲ್ಲ, ಉದಾಹರಣೆ ಇಲ್ಲ. ಪದ ಮತ್ತು ಅದನ್ನು ಹೇಳುವ ರೀತಿ, ಅಷ್ಟೇ. ಸ್ಪೆಲಿಂಗ್ ಹೇಗಾದರೂ ಇರಲಿ, ಇಡೀ ಇಂಗ್ಲಿಷನ್ನು 39 ಧ್ವನಿಗಳಲ್ಲಿ ಬರೆದಿಟ್ಟಿದ್ದಾರೆ. 'ಚೇರ್' ಅಂದರೆ ಅಲ್ಲಿ ಮೂರು ತುಂಡು: ಸಿಎಚ್, ಇಎಚ್1, ಆರ್. 'ಬೇರ್' ಕೂಡ ಮೂರು ತುಂಡು: ಬಿ, ಇಎಚ್1, ಆರ್. ಮೊದಲ ತುಂಡು ಬೇರೆ, ಉಳಿದ ಎರಡು ಒಂದೇ. ಪ್ರಾಸ ಆಯಿತು. ಎ-ಐ-ಆರ್ ಇದೆಯೋ ಇ-ಎ-ಆರ್ ಇದೆಯೋ ಅಂತ ಯಾರೂ ಕೇಳುವುದಿಲ್ಲ.

ಆ 1 ಅನ್ನೋ ಅಂಕಿ ಒತ್ತು ಎಲ್ಲಿದೆ, ಅಂದರೆ ಪದದ ಯಾವ ಭಾಗವನ್ನು ಜೋರಾಗಿ ಹೇಳಬೇಕು ಅಂತ ತೋರಿಸುತ್ತದೆ. ಪ್ರತಿ ಸ್ವರದ ಪಕ್ಕ 0, 1 ಅಥವಾ 2 ಇರುತ್ತದೆ. ಇಂಗ್ಲಿಷಿನ ಪೂರ್ತಿ ಪ್ರಾಸಕ್ಕೆ ಲೆಕ್ಕ ಇಷ್ಟೇ: ಕೊನೆಯ ಒತ್ತಿನ ಸ್ವರ ಹುಡುಕಿ, ಅಲ್ಲಿಂದ ಕೊನೆವರೆಗಿನ ಧ್ವನಿ ಎಲ್ಲಾ ಒಂದೇ ಇರಬೇಕು, ಅದರ ಹಿಂದಿನ ವ್ಯಂಜನ ಮಾತ್ರ ಬೇರೆ ಇರಬೇಕು. ಅದಕ್ಕೇ ನೋಡುವ 'ಸೀ'ಗೂ ಸಮುದ್ರದ 'ಸೀ'ಗೂ ಅವರು ಪ್ರಾಸ ಅನ್ನುವುದಿಲ್ಲ. ಅದು ಒಂದೇ ಶಬ್ದ ಎರಡು ಸಲ, ಅಷ್ಟೇ.

ಮಗಳ ಪ್ರಶ್ನೆಗೂ ಉತ್ತರ ಅಲ್ಲೇ ಇತ್ತು. ಟಿ-ಇ-ಎ-ಆರ್ ಪದಕ್ಕೆ ಎರಡು ಉಚ್ಚಾರಣೆ. ಕಣ್ಣೀರಾದರೆ ಟಿಯರ್, ಬಟ್ಟೆ ಹರಿಯುವುದಾದರೆ ಟೇರ್. ಟೀಚರ್ 'ಟೇರ್' ಅಂತ ಓದಿಕೊಂಡು ರೈಟ್ ಹಾಕಿದ್ದರು. ನಾನು 'ಟಿಯರ್' ಅಂತ ಹೇಳಿಕೊಟ್ಟಿದ್ದೆ. ಅಂದರೆ ಐದಕ್ಕೆ ಐದೂ ತಪ್ಪು ಹೇಳಿ, ಒಂದು ಮಾರ್ಕು ಸುಮ್ನೆ ಗಿಟ್ಟಿಸಿಕೊಂಡಿದ್ದೆ.

ನನ್ನ ತಪ್ಪು ಹೊಸದೇನಲ್ಲ ಅಂತ ಆಮೇಲೆ ಸಮಾಧಾನ ಆಯಿತು. 1775ರಲ್ಲಿ ಜಾನ್ ವಾಕರ್ ಅನ್ನುವವರು ಲಂಡನ್ನಿನಲ್ಲಿ ಒಂದು ಪ್ರಾಸಕೋಶ ತಂದರು. ಪದಗಳನ್ನು ಕೊನೆಯ ಅಕ್ಷರದಿಂದ ಹಿಂದಕ್ಕೆ ಜೋಡಿಸಿದ ಕೋಶ ಅದು. ಬೇರ್, ಇಯರ್, ನಿಯರ್ ಎಲ್ಲಾ ಅಕ್ಕಪಕ್ಕ ಬರುವ ಜೋಡಣೆ. ಆದರೆ ಆತ ಉಚ್ಚಾರಣೆಯನ್ನೇ ಕಸುಬು ಮಾಡಿಕೊಂಡಿದ್ದ ಮನುಷ್ಯ, ಮೋಸ ಹೋಗಲಿಲ್ಲ. ಯಾವುದು ಸರಿಯಾದ ಪ್ರಾಸ, ಯಾವುದನ್ನು ಕವಿಗಳು ಹೇಗೋ ಒಪ್ಪಿಕೊಂಡಿದ್ದಾರೆ ಅಂತ ಬೇರೆ ಪಟ್ಟಿ ಕೊಟ್ಟರು. ನಾನು ತೆಗೆದು ಹಾಕಿದ ಆಪಿಗೆ ಆ ಎರಡನೇ ಪಟ್ಟಿ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಹೋಂವರ್ಕ್ ಮುಗಿದರೂ ಸೈಟಿನ ಚಟ ಬಿಡಲಿಲ್ಲ. ಮಗಳಿಗೆ ಎಂಟು ವರ್ಷ ತುಂಬುತ್ತಿತ್ತು. ಕಾರ್ಡಿನ ಮೇಲೆ ನಾನೇ ನಾಲ್ಕು ಸಾಲು ಇಂಗ್ಲಿಷ್ ಪದ್ಯ ಬರೆಯೋಣ ಅಂತ ಹೊರಟೆ. 'ಏಟ್' ಅಂತ ಹಾಕಿದೆ. ಲೇಟ್, ಗೇಟ್, ವೇಟ್, ಗ್ರೇಟ್, ಸ್ಟ್ರೇಟ್. ಸ್ಪೆಲಿಂಗ್ ನೋಡಿದರೆ ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದವರ ಹಾಗಿದ್ದಾರೆ. ಬಾಯಲ್ಲಿ ಹೇಳಿದರೆ ಅಣ್ಣತಮ್ಮಂದಿರು. ಅದೇ ಎಂಟರ ಸ್ಪೆಲಿಂಗಿನ ಮುಂದೆ ಒಂದು ಎಚ್ ಸೇರಿಸಿ, 'ಹೈಟ್' ಆಗುತ್ತದೆ. ಅದು ಈ ಮನೆಗೆ ಸೇರಿದ್ದಲ್ಲ. ಅದರ ನೆಂಟರು ನೈಟ್, ಲೈಟ್ ಕಡೆಯವರು.

ಈ ಪದಗಳನ್ನು ಒಂದು ಹಾಳೆಯ ಮೇಲೆ ಗೀಚಿಕೊಳ್ಳುತ್ತಿದ್ದೆ. ಅಭ್ಯಾಸ ಬಲ, ಕನ್ನಡದಲ್ಲೇ ಬರೆದಿದ್ದೆ. ಆಗ ಹೊಳೆಯಿತು. ಕನ್ನಡದಲ್ಲಿ ಬರೆದರೆ ಪ್ರಾಸ ಕಣ್ಣಿಗೇ ಕಾಣುತ್ತದೆ ಅಲ್ವಾ? ಲವ್, ಮೂವ್. ಬೇರ್, ನಿಯರ್. ಫೂಡ್, ಗುಡ್, ಬ್ಲಡ್. ಕೊನೆಯ ಮೂರೂ ಇಂಗ್ಲಿಷಿನಲ್ಲಿ ಡಬಲ್ ಒ ಹಾಕಿಕೊಂಡು ಒಂದೇ ವೇಷದಲ್ಲಿ ನಿಂತಿವೆ. ಕನ್ನಡದ ಹಾಳೆಯ ಮೇಲೆ ವೇಷ ಕಳಚಿಬೀಳುತ್ತದೆ. ಬರ್ಡ್, ವರ್ಡ್, ಹರ್ಡ್, ಥರ್ಡ್ ಬರೆದು ನೋಡಿ. ಇಂಗ್ಲಿಷಿನಲ್ಲಿ ನಾಲ್ಕಕ್ಕೆ ಮೂರು ಬಗೆಯ ಸ್ವರದ ಸ್ಪೆಲಿಂಗ್ ಇದೆ, ಕನ್ನಡದಲ್ಲಿ ಒಂದೇ ಬಾಲ. ಒ-ಯು-ಜಿ-ಎಚ್ ಅನ್ನೋ ಕುಖ್ಯಾತ ಬಾಲವನ್ನೂ ಹೀಗೇ ಬಿಡಿಸಬಹುದು: ಟಫ್, ಕಾಫ್, ದೋ, ಥ್ರೂ, ಬೌ. ಒಂದಕ್ಕೊಂದು ಸೇರುವುದಿಲ್ಲ.

ಮಗಳಿಗೆ ಅದನ್ನೇ ಹೇಳಿಕೊಟ್ಟೆ. "ಪೆನ್ಸಿಲ್ಲಿನಲ್ಲಿ ಪಕ್ಕಕ್ಕೆ ಕನ್ನಡದಲ್ಲಿ ಬರಿ. ಬಾಲ ಒಂದೇ ಇದ್ದರೆ ರೈಮ್. ಆಮೇಲೆ ಅಳಿಸಿಬಿಡು." ಅವಳಿಗೆ ಅಳಿಸೋದೇ ಜಾಸ್ತಿ ಖುಷಿ.

ಆದರೆ ಈ ಉಪಾಯಕ್ಕೂ ಎರಡು ತೂತಿವೆ. ಅವು ಗೊತ್ತಾಗಿದ್ದೂ ಸೈಟಿನಿಂದಲೇ. ಒಂದು ದಿನ 'ಲಿಮಿಟ್'ಗೆ ಪ್ರಾಸ ಬೇಕಿತ್ತು. ನನ್ನ ತಲೆಯಲ್ಲಿ 'ಕಮಿಟ್' ಆಗಲೇ ರೆಡಿ ಇತ್ತು. ಕನ್ನಡದಲ್ಲಿ ಬರೆದು ನೋಡಿ, ಇದಕ್ಕಿಂತ ಒಳ್ಳೆ ಜೋಡಿ ಬೇಕಾ? ಪೂರ್ತಿ ಪ್ರಾಸದ ಪಟ್ಟಿಯಲ್ಲಿ ಹುಡುಕಿದರೆ ಕಮಿಟ್ ಇಲ್ಲವೇ ಇಲ್ಲ. ಸೈಟೇ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿದ್ದು ನನ್ನ ನಾಲಿಗೆ. ಲಿಮಿಟ್‌ನಲ್ಲಿ ಒತ್ತು 'ಲಿ' ಮೇಲೆ, ಕಮಿಟ್‌ನಲ್ಲಿ ಒತ್ತು 'ಮಿ' ಮೇಲೆ. ಹಾಗಾಗಿ ಕಮಿಟ್‌ಗೆ ಸಿಟ್, ಹಿಟ್, ಫಿಟ್ ಎಲ್ಲಾ ಪ್ರಾಸ. ಲಿಮಿಟ್‌ಗೆ ಅವು ಯಾವುವೂ ಅಲ್ಲ. ನಾವು ಕನ್ನಡದವರು ಎಲ್ಲಾ ಅಕ್ಷರಕ್ಕೂ ಸಮನಾಗಿ ಮರ್ಯಾದೆ ಕೊಟ್ಟು ಉಚ್ಚರಿಸುತ್ತೇವೆ. ಇಂಗ್ಲಿಷಿಗೆ ಆ ಸಮಾನತೆ ಇಲ್ಲ.

ಎರಡನೆಯದು ಸ ಮತ್ತು ಜ. ಮಂಜುಗಡ್ಡೆಯ ಐಸ್, ಕಣ್ಣುಗಳ ಐಸ್. ನಮ್ಮ ಬಾಯಲ್ಲಿ ಎರಡೂ ಒಂದೇ. ಕಣ್ಣುಗಳದ್ದು ನಿಜಕ್ಕೂ 'ಐಜ್'ಗೆ ಹತ್ತಿರ, ಕೊನೆಗೆ ಝಡ್ ಸದ್ದು ಇದೆ. ಅದು ಸ್ಕೈಸ್, ಫ್ಲೈಸ್ ಜೊತೆ ಸೇರುತ್ತದೆಯೇ ಹೊರತು ನೈಸ್, ಮೈಸ್ ಜೊತೆ ಅಲ್ಲ. ಇದು ಇವತ್ತಿಗೂ ನನಗೆ ಎಡವಟ್ಟು.

ಇನ್ನು ಅಮೆರಿಕದ ಕಿವಿಯ ವಿಷಯ. ಆ ಉಚ್ಚಾರಣೆ ಕೋಶ ಉತ್ತರ ಅಮೆರಿಕದ ಇಂಗ್ಲಿಷಿನದು. ಹಾಗಾಗಿ ಅದರ ಲೆಕ್ಕದಲ್ಲಿ ಫಾದರ್ ಮತ್ತು ಬಾದರ್ ಪ್ರಾಸ. ಕ್ಲರ್ಕ್ ಮತ್ತು ವರ್ಕ್ ಪ್ರಾಸ. ದಕ್ಷಿಣ ಇಂಗ್ಲೆಂಡಿನವರಿಗೆ ಕ್ಲರ್ಕ್ ಅಂದರೆ 'ಕ್ಲಾಕ್', ಅವರ ಪ್ರಾಸ ಡಾರ್ಕ್, ಪಾರ್ಕ್ ಕಡೆಗೆ. ಅವರಿಗೆ ಕಾನೂನುಗಳು ಅನ್ನೋ ಅರ್ಥದ ಲಾಸ್ ಮತ್ತು ಡೋರ್ಸ್ ಕೂಡ ಪ್ರಾಸ, ಯಾಕೆಂದರೆ ಡೋರ್‌ನ ರ ಅವರು ಹೇಳುವುದಿಲ್ಲ. ಅಮೆರಿಕದವರು ಹೇಳುತ್ತಾರೆ. ನಾವೋ, ಇಬ್ಬರಿಗಿಂತ ಗಟ್ಟಿಯಾಗಿ ಹೇಳುತ್ತೇವೆ. ಇದನ್ನು ಸೈಟಿನ ದೋಷ ಅನ್ನಲಾರೆ. ಯಾರದೋ ಒಬ್ಬರ ಬಾಯಿಯನ್ನು ನಂಬಲೇಬೇಕಲ್ಲ. ಯಾರ ಬಾಯಿ ಅಂತ ಗೊತ್ತಿದ್ದರೆ ಸಾಕು.

ಪಟ್ಟಿಯ ಉದ್ದದ ಬಗ್ಗೆ ಮಾತ್ರ ನನ್ನ ತಕರಾರಿದೆ. 'ನೇಶನ್' ಹಾಕಿದರೆ ಸ್ಟೇಶನ್, ವೆಕೇಶನ್, ಎಜುಕೇಶನ್ ಅಂತ ಮುಗಿಯುವುದೇ ಇಲ್ಲ. ಪ್ರಾಸ ಸಲೀಸು. ಪದ್ಯ ಮಾತ್ರ ಆಫೀಸಿನ ಸರ್ಕ್ಯುಲರ್ ಹಾಗೆ ಓದಿಸಿಕೊಳ್ಳುತ್ತದೆ. ನಾನು ಈಗ ಎರಡು ಸಿಲಬಲ್ ದಾಟಿದರೆ ಸ್ಕ್ರಾಲ್ ಮಾಡುವುದೇ ಇಲ್ಲ. ಇಂಥ ಕೋಶಗಳಲ್ಲಿ ಜನರ ಹೆಸರು, ಸರ್‌ನೇಮ್ ಕೂಡ ತುಂಬಿರುತ್ತವೆ. ಅವನ್ನು ದಾಟಿಕೊಂಡು ಹೋಗುವ ತಾಳ್ಮೆ ಬೇಕು.

ಏನೂ ಸಿಗದ ಪದಗಳೇ ನನಗೆ ಹೆಚ್ಚು ಕಲಿಸಿದ್ದು. 'ಆರೆಂಜ್'ಗೆ ಪ್ರಾಸ ಇಲ್ಲ ಅನ್ನೋದು ಎಲ್ಲರಿಗೂ ಗೊತ್ತಿರುವ ಜೋಕು. ವೇಲ್ಸ್‌ನಲ್ಲಿ ಬ್ಲಾರೆಂಜ್ ಅಂತ ಒಂದು ಬೆಟ್ಟ ಇದೆ, ಸಸ್ಯಶಾಸ್ತ್ರದಲ್ಲಿ ಸ್ಪೊರೇಂಜ್ ಅನ್ನೋ ಪದ ಇದೆ, ಆದರೆ ಎಂಟು ವರ್ಷದ ಮಗುವಿನ ಪದ್ಯಕ್ಕೆ ಎರಡೂ ಉಪಯೋಗ ಇಲ್ಲ. ನನ್ನನ್ನು ಸಿಕ್ಕಿಸಿದ್ದು 'ಮಂತ್'. ಅವಳು ಹುಟ್ಟಿದ ತಿಂಗಳು ಅಂತ ಸಾಲು ಮುಗಿಸಿದ್ದೆ. ಮಾಮೂಲಿ ಬಳಕೆಯ ಒಂದು ಪ್ರಾಸವೂ ಇಂಗ್ಲಿಷಿನಲ್ಲಿ ಇಲ್ಲ. ಅರ್ಧ ಗಂಟೆ ಒದ್ದಾಡಿದೆ. ಹಳಗನ್ನಡದ ಕವಿಗಳಿಗೆ ಈ ತಾಪತ್ರಯವೇ ಇರಲಿಲ್ಲ. ಅವರ ಪ್ರಾಸ ಸಾಲಿನ ಎರಡನೇ ಅಕ್ಷರದಲ್ಲಿ, ಸಾಲು ಎಲ್ಲಿ ಮುಗಿದರೂ ನಡೆಯುತ್ತಿತ್ತು. ಕೊನೆಗೆ ಪದ ಹುಡುಕುವುದು ಬಿಟ್ಟು ಸಾಲನ್ನೇ ತಿರುಗಿಸಿದೆ. ಮಂತ್ ಒಳಗೆ ಹೋಯಿತು, ತಿಂಗಳ ಹೆಸರು ಕೊನೆಗೆ ಬಂತು. ಜೂನ್. ಮೂನ್, ಸೂನ್, ಟ್ಯೂನ್, ಸ್ಪೂನ್. ಸಮಸ್ಯೆ ಮುಗಿಯಿತು.

ಒಂದು ಎಐ ಚಾಟ್‌ಬಾಟನ್ನೂ ಕೇಳಿ ನೋಡಿದೆ. 'ಮಂತ್'ಗೆ ಐದು ಪ್ರಾಸ ಧೈರ್ಯವಾಗಿ ಕೊಟ್ಟಿತು. ಜೋರಾಗಿ ಓದಿದೆ, ಒಂದೂ ಸೇರಲಿಲ್ಲ. ಸಾಲು ತಿದ್ದಲು, ಅರ್ಥ ಜೋಡಿಸಲು ಅದು ಪರವಾಗಿಲ್ಲ. ಪ್ರಾಸಕ್ಕೆ ಮಾತ್ರ ಪಟ್ಟಿ ಕೊಡುವ ಸೈಟೇ ಮೇಲು. ಇಲ್ಲದ್ದನ್ನು ಇಲ್ಲ ಅನ್ನುತ್ತದೆ.

ಮಕ್ಕಳ ಹೋಂವರ್ಕಿಗೆ ಬೇಕು ಅನ್ನುವವರು ಕಣ್ಣುಮುಚ್ಚಿ ರೈಮ್‌ಝೋನ್ ಬಳಸಿ. ಒಂದು ಸಿಲಬಲ್ಲಿನ ಗುಂಪು ಮಾತ್ರ ನೋಡಿದರೆ ಸಾಕು. ಪದ್ಯ, ಹಾಡು, ರ‍್ಯಾಪ್ ಬರೆಯುವವರಿಗೆ ಹತ್ತಿರದ ಪ್ರಾಸದ ಆಯ್ಕೆಯೇ ನಿಜವಾದ ಗಣಿ. ಪೂರ್ತಿ ಪ್ರಾಸಗಳು ಎಲ್ಲರೂ ಬಳಸಿ ಸವೆದಿವೆ. ಏನೇ ಆಗಲಿ, ಪದ ಎತ್ತಿಕೊಂಡ ಮೇಲೆ ಒಂದು ಸಲ ಬಾಯಿಬಿಟ್ಟು ಓದಿ. ನಾನು ಆ ಒಂದು ಕೆಲಸ ಮರೆತೆ.

ಹುಟ್ಟಿದ ದಿನ ಕಾರ್ಡು ಕೊಟ್ಟೆ. ಮೊದಲ ಎರಡು ಸಾಲು ಏಟ್, ಗ್ರೇಟ್. ಕೊನೆಯ ಎರಡಕ್ಕೆ ಸೈಟು ನೋಡದೆ ನನ್ನ ಸ್ವಂತ ಪ್ರಾಸ ಹಾಕಿದ್ದೆ, ಅವಳ ಕಣ್ಣಿನ ಬಗ್ಗೆ. ಅವಳು ಜೋರಾಗಿ ಓದಿದಳು. ಕೊನೆಗೆ ಬಂದು ನಿಂತಳು. ಇನ್ನೊಂದು ಸಲ ಓದಿದಳು. "ಅಪ್ಪಾ, ಟೀಚರ್ ಐಜ್ ಅಂತಾರೆ. ಇದು ನೈಸ್. ಬಾಲ ಬೇರೆ ಇದೆ."

ಪೆನ್ಸಿಲ್ ತಂದು ಇಂಟು ಹಾಕಿದಳು.