ಅಮೆರಿಕನ್ ಕ್ರಾಂತಿಯ ಪುಸ್ತಕ ಕೊಳ್ಳುವ ಮುಂಚೆ ಯಾರ್ಕ್‌ಟೌನ್ ಪುಟ ತೆಗೆದು ನೋಡಿ

ಅಮೆರಿಕದ ಸ್ವಾತಂತ್ರ್ಯ ಯುದ್ಧದ ಬಗ್ಗೆ ಏನು ಓದಲಿ ಅಂತ ಯಾರನ್ನಾದರೂ ಕೇಳಿ, ತಲೆದಿಂಬಿನಷ್ಟು ದಪ್ಪದ ಒಂದು ಜೀವನಚರಿತ್ರೆಯ ಹೆಸರು ಹೇಳುತ್ತಾರೆ. ವಾಷಿಂಗ್ಟನ್, ಆಡಮ್ಸ್, ಜೆಫರ್ಸನ್, ಫ್ರಾಂಕ್ಲಿನ್, ಹ್ಯಾಮಿಲ್ಟನ್. ಆ ದೇಶ ಕಟ್ಟಿದ ಈ ಐದು ನಾಯಕರ ಮೇಲೆ ಪುಸ್ತಕ ಬರುವುದು ನಿಲ್ಲುವುದೇ ಇಲ್ಲ. ಅವೆಲ್ಲ ಕೆಟ್ಟ ಪುಸ್ತಕಗಳು ಅಂತ ನಾನು ಹೇಳುತ್ತಿಲ್ಲ. ಆದರೆ ಅಂಥವು ನಾಲ್ಕು ಓದಿ ಮುಗಿಸಿದ ಮೇಲೂ ಆ ಯುದ್ಧದಲ್ಲಿ ಸಾಮಾನ್ಯ ಜನಕ್ಕೆ ಏನಾಯಿತು ಅನ್ನುವುದು ಗೊತ್ತಾಗುವುದಿಲ್ಲ. ಈ ವಿಷಯದಲ್ಲಿ ನನಗೆ ಹಿಡಿಸಿದ್ದು ಸಣ್ಣ ಎಳೆ ಹಿಡಿದು ಹೊರಟ ಪುಸ್ತಕಗಳು. ಒಂದು ರಾತ್ರಿ, ಒಂದು ಕಾಯಿಲೆ, ಓಡಿಹೋದ ಒಬ್ಬ ಹೆಂಗಸು, ಅಷ್ಟೇ ವಿಷಯ. ಅದನ್ನು ಹಿಡಿದೇ ಇಡೀ ಕಾಲ ತೋರಿಸಿಬಿಡುತ್ತವೆ.

ಇಂಥ ಪುಸ್ತಕ ಕೈಗೆ ಬಂದಾಗ ನಾನು ಮೊದಲು ಮಾಡುವ ಕೆಲಸ, ಕೊನೆಯ ಸೂಚಿಯಲ್ಲಿ ಯಾರ್ಕ್‌ಟೌನ್ ಅಂತ ಹುಡುಕಿ ಆ ಪುಟ ತೆಗೆಯುವುದು. ವರ್ಜೀನಿಯಾದ ಆ ಸಣ್ಣ ಊರಿನಲ್ಲಿ 1781ರ ಅಕ್ಟೋಬರ್ 19ರಂದು ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ಸೈನ್ಯ ಶರಣಾಯಿತು, ದೊಡ್ಡ ಕಾಳಗಗಳು ಅಲ್ಲಿಗೆ ಮುಗಿದವು. ಇಡೀ ಯುದ್ಧದ ಕಥೆ ಬರೆಯುವವರು ಅಲ್ಲಿಗೆ ಬರಲೇಬೇಕು. ಬಂದವರು ಅಲ್ಲಿ ಯಾರನ್ನು ನೋಡುತ್ತಾರೆ ಅನ್ನುವುದರಲ್ಲೇ ಪುಸ್ತಕದ ಜಾತಕ ಇರುತ್ತದೆ.

ರಾನ್ ಚೆರ್ನೋ ಬರೆದ 'ಅಲೆಗ್ಸಾಂಡರ್ ಹ್ಯಾಮಿಲ್ಟನ್' ತೆಗೆದುಕೊಳ್ಳಿ. 2004ರಲ್ಲಿ ಬಂದ ಪುಸ್ತಕ, ಆಮೇಲೆ ಇದನ್ನೇ ಆಧಾರ ಮಾಡಿಕೊಂಡು ಬ್ರಾಡ್‌ವೇ ನಾಟಕ ಬಂದು ಪುಸ್ತಕ ಇನ್ನೂ ಜಾಸ್ತಿ ಹೆಸರಾಯಿತು. ಇದರಲ್ಲಿ ಯಾರ್ಕ್‌ಟೌನ್ ಅಂದರೆ ರಾತ್ರಿ ಹೊತ್ತು ಹತ್ತನೇ ನಂಬರಿನ ಕೋಟೆದಿಬ್ಬದ ಮೇಲೆ ಹ್ಯಾಮಿಲ್ಟನ್ ನುಗ್ಗಿದ್ದು. ಓದಲು ಮಜಾ ಇದೆ, ಸುಳ್ಳೇನೂ ಇಲ್ಲ. ಕೆರಿಬಿಯನ್ ದ್ವೀಪದ ಅನಾಥ ಹುಡುಗ ಒಂದು ವ್ಯಾಪಾರದ ಅಂಗಡಿಯಲ್ಲಿ ಗುಮಾಸ್ತನಾಗಿದ್ದವನು ದೇಶದ ಮೊದಲ ಹಣಕಾಸು ಮಂತ್ರಿ ಆಗುವ ಕಥೆಯನ್ನು ಚೆರ್ನೋ ಕೆಳಗಿಡಲು ಬಿಡದಂತೆ ಹೇಳುತ್ತಾರೆ. ರಾಜ್ಯಗಳ ಸಾಲವನ್ನೆಲ್ಲ ಕೇಂದ್ರದ ತಲೆಗೆ ಹೊರಿಸುವ ಜಗಳ ಇದೆಯಲ್ಲ, ಅಂಥ ಒಣ ವಿಷಯ ಕೂಡ ಇಲ್ಲಿ ಪತ್ತೇದಾರಿ ಕಥೆಯ ಹಾಗೆ ಓಡುತ್ತದೆ. ತೊಂದರೆ ಒಂದೇ. ಲೇಖಕರಿಗೆ ತಮ್ಮ ನಾಯಕನ ಮೇಲೆ ಪ್ರೀತಿ ಸ್ವಲ್ಪ ಜಾಸ್ತಿ. ಹ್ಯಾಮಿಲ್ಟನ್ ಜೊತೆ ಜಗಳಕ್ಕೆ ನಿಂತವರೆಲ್ಲ, ಜೆಫರ್ಸನ್ ಇರಲಿ ಆಡಮ್ಸ್ ಇರಲಿ, ಒಂದು ಗುಲಗಂಜಿ ಸಣ್ಣವರಾಗಿಯೇ ಕಾಣುತ್ತಾರೆ. ಆಡಮ್ಸ್ ಜೀವನಚರಿತ್ರೆ ಓದಿದರೆ ಅಲ್ಲಿ ಹ್ಯಾಮಿಲ್ಟನ್ ಸಣ್ಣವನು! ಎರಡೂ ಓದಿದರೆ ಲೆಕ್ಕ ಸರಿಹೋಗುತ್ತದೆ, ಆದರೆ ಅದಕ್ಕೆ ಸಾವಿರಾರು ಪುಟದ ತಾಳ್ಮೆ ಬೇಕು.

ಈಗ ಅದೇ ಯಾರ್ಕ್‌ಟೌನ್ ಅನ್ನು ಎಲಿಜಬೆತ್ ಫೆನ್ ಅವರ 'ಪಾಕ್ಸ್ ಅಮೆರಿಕಾನಾ'ದಲ್ಲಿ ನೋಡಿ. ಇದು 1775ರಿಂದ 1782ರವರೆಗೆ ಆ ಖಂಡದ ಉದ್ದಗಲಕ್ಕೂ ಹಬ್ಬಿದ ಸಿಡುಬಿನ ಕಥೆ. ಸ್ವಾತಂತ್ರ್ಯ ಕೊಡುತ್ತೇವೆ ಅಂದ ಬ್ರಿಟಿಷರನ್ನು ನಂಬಿ ಸಾವಿರಾರು ಗುಲಾಮರು ತಮ್ಮ ಯಜಮಾನರನ್ನು ಬಿಟ್ಟು ಅವರ ಸೈನ್ಯದ ಹಿಂದೆ ಬಂದಿದ್ದರು. ಯಾರ್ಕ್‌ಟೌನ್ ಮುತ್ತಿಗೆ ಬಿಗಿಯಾಗಿ, ಊಟ ಕಡಿಮೆಯಾಗಿ, ಅವರಲ್ಲಿ ಸಿಡುಬು ಎದ್ದಾಗ ಕಾರ್ನ್‌ವಾಲಿಸ್‌ನ ಸೈನ್ಯ ಅವರನ್ನೇ ಹೊರಗೆ ದಬ್ಬಿತು. ಒಂದು ಕಡೆ ಬ್ರಿಟಿಷ್ ಫಿರಂಗಿ, ಇನ್ನೊಂದು ಕಡೆ ಅಮೆರಿಕನ್ನರು ಮತ್ತು ಫ್ರೆಂಚರು, ನಡುವಿನ ಕಾಡಿನಲ್ಲಿ ಈ ಜನ ಸತ್ತು ಬಿದ್ದರು. ಅಮೆರಿಕದ ಕಡೆಯ ಸಾಮಾನ್ಯ ಸೈನಿಕನೊಬ್ಬ ಆ ಹೆಣಗಳನ್ನು ಕಣ್ಣಾರೆ ಕಂಡು ತನ್ನ ನೆನಪಿನ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಇದನ್ನು ಓದಿದ ಮೇಲೆ ಶರಣಾಗತಿಯ ಆ ದೊಡ್ಡ ಚಿತ್ರ, ಕುದುರೆ ಮೇಲೆ ಕೂತ ಸೇನಾಪತಿಗಳು, ಸಾಲಾಗಿ ನಿಂತ ಬಾವುಟಗಳು, ಅದೇನೂ ಮೊದಲಿನ ಹಾಗೆ ಕಾಣುವುದಿಲ್ಲ.

ಫೆನ್ ಲೆಕ್ಕದ ಪ್ರಕಾರ ಆ ಪಿಡುಗಿನಲ್ಲಿ ಇಡೀ ಖಂಡದಲ್ಲಿ ಸತ್ತವರು 1,30,000ಕ್ಕೂ ಜಾಸ್ತಿ. ಯುದ್ಧದಲ್ಲಿ ಸತ್ತ ಅಮೆರಿಕನ್ ಸೈನಿಕರಿಗಿಂತ ಎಷ್ಟೋ ಪಟ್ಟು ಹೆಚ್ಚು. ಯುದ್ಧದ ದಿಕ್ಕನ್ನೇ ಈ ಕಾಯಿಲೆ ತಿರುಗಿಸಿದ್ದನ್ನು ಅವರು ಒಂದೊಂದೇ ಎಳೆ ಬಿಡಿಸಿ ತೋರಿಸುತ್ತಾರೆ. ಇಂಗ್ಲೆಂಡಿನಿಂದ ಬಂದ ಸೈನಿಕರಲ್ಲಿ ಹೆಚ್ಚಿನವರಿಗೆ ಚಿಕ್ಕಂದಿನಲ್ಲೇ ಸಿಡುಬು ಬಂದು ಹೋಗಿರುತ್ತಿತ್ತು. ಅಮೆರಿಕದ ಹಳ್ಳಿಗಾಡಿನ ಹುಡುಗರಿಗೆ ಹಾಗಲ್ಲ. ಹೀಗಾಗಿ ಕ್ವಿಬೆಕ್ ಮೇಲೆ ದಾಳಿಗೆ ಹೋದ ಅಮೆರಿಕನ್ ಸೈನ್ಯ ಶತ್ರುವಿಗಿಂತ ಮುಂಚೆ ಸಿಡುಬಿನ ಕೈಯಲ್ಲಿ ಕುಸಿಯಿತು. ವಾಷಿಂಗ್ಟನ್‌ಗೆ ಹತ್ತೊಂಬತ್ತನೇ ವಯಸ್ಸಿನಲ್ಲಿ ಬಾರ್ಬಡೋಸ್‌ನಲ್ಲಿ ಸಿಡುಬು ಬಂದಿತ್ತು, ಅದು ಏನು ಮಾಡುತ್ತದೆ ಅಂತ ಮೈಮೇಲೆ ಗೊತ್ತಿತ್ತು. 1777ರಲ್ಲಿ ಇಡೀ ಸೈನ್ಯಕ್ಕೆ ಸಿಡುಬು ಹಾಕಿಸಲು ಆತ ಕೊನೆಗೂ ಆಜ್ಞೆ ಕೊಟ್ಟ. ಆಗಿನ್ನೂ ಜೆನ್ನರ್‌ನ ಲಸಿಕೆ ಬಂದಿರಲಿಲ್ಲ. ರೋಗಿಯ ಕೀವನ್ನೇ ತೆಗೆದು ಚರ್ಮ ಕೊಯ್ದು ಒಳಗೆ ಹಾಕುವುದು. ಹಾಕಿಸಿಕೊಂಡವನು ವಾರಗಟ್ಟಲೆ ಮಲಗುತ್ತಾನೆ, ಸಾಲದ್ದಕ್ಕೆ ಬೇರೆಯವರಿಗೂ ಹಚ್ಚುತ್ತಾನೆ. ಸೈನ್ಯ ಹೀಗೆ ಮಲಗಿದೆ ಅನ್ನುವ ಸುದ್ದಿ ಶತ್ರುವಿಗೆ ಸಿಕ್ಕಿದರೆ ಕಥೆ ಮುಗಿಯಿತು. ಈ ನಿರ್ಧಾರ ಯಾವ ಕಾಳಗಕ್ಕೂ ಕಡಿಮೆಯಲ್ಲ ಅಂತ ನನಗನಿಸುತ್ತದೆ, ಆದರೂ ಎಷ್ಟು ಪುಸ್ತಕಗಳಲ್ಲಿ ಇದು ಎರಡು ಸಾಲಿನಲ್ಲಿ ಮುಗಿದುಹೋಗುತ್ತದೆ ನೋಡಿ. ಪುಸ್ತಕದ ಎರಡನೇ ಅರ್ಧ ಮೆಕ್ಸಿಕೋ, ಹಡ್ಸನ್ ಕೊಲ್ಲಿ, ಪಶ್ಚಿಮದ ಬಯಲುಗಳ ಕಡೆ ಹೋಗುತ್ತದೆ. ವಾಷಿಂಗ್ಟನ್ ಹೆಸರೂ ಕೇಳದ ಮೂಲನಿವಾಸಿಗಳ ಊರುಗಳು ಖಾಲಿಯಾದ ಭಾಗ ಅದು. ಕೆಲವು ಪುಟ ಒಣ ಅನ್ನಿಸಬಹುದು, ದಾಟಿಸಬೇಡಿ.

ಮಾಯಾ ಜಸನಾಫ್ ಅವರ 'ಲಿಬರ್ಟೀಸ್ ಎಕ್ಸೈಲ್ಸ್'ಗೆ ಯಾರ್ಕ್‌ಟೌನ್ ಕೊನೆ ಅಲ್ಲ, ಶುರು. ರಾಜನ ಪಕ್ಷ ಬಿಡದೆ ನಿಂತು ಸೋತ ಅಮೆರಿಕನ್ನರ ಕಥೆ ಇದು. ಶರಣಾಗತಿಯ ಕರಾರಿನಲ್ಲಿ ಹತ್ತನೇ ಕಲಂ ಅಂತ ಒಂದಿತ್ತು, ಬ್ರಿಟಿಷರ ಜೊತೆ ಸೇರಿದ ಊರಿನವರಿಗೆ ಶಿಕ್ಷೆ ಬೇಡ ಅಂತ. ವಾಷಿಂಗ್ಟನ್ ಅದಕ್ಕೆ ಒಪ್ಪಲಿಲ್ಲ. ಆದರೆ ಒಂದು ಹಡಗನ್ನು ಹುಡುಕಾಟವಿಲ್ಲದೆ ಹೋಗಲು ಬಿಟ್ಟ, ಅದರಲ್ಲಿ ಹತ್ತಿಕೊಂಡವರು ಬದುಕಿದರು. ಆಮೇಲಿನ ವರ್ಷಗಳಲ್ಲಿ ಸುಮಾರು 60,000 ಜನ ದೇಶ ಬಿಟ್ಟರು, ತಮ್ಮ ಜೊತೆ 15,000 ಗುಲಾಮರನ್ನೂ ಕರೆದುಕೊಂಡು ಹೋದರು ಅನ್ನುವುದು ಜಸನಾಫ್ ಅಂದಾಜು. ಕೆನಡಾದ ನೋವಾ ಸ್ಕೋಶಿಯಾ, ಜಮೈಕಾ, ಬಹಾಮಾಸ್, ಎಲ್ಲಿಗೆ ಹೋದರೂ ಜಾಗದ ಜಗಳ, ಪರಿಹಾರದ ಅರ್ಜಿ. ಬಿಡುಗಡೆ ಪಡೆದ ಕಪ್ಪು ಜನ ನೋವಾ ಸ್ಕೋಶಿಯಾದ ಚಳಿಯಲ್ಲಿ ಮೋಸಹೋಗಿ, 1792ರಲ್ಲಿ ಆಫ್ರಿಕಾಕ್ಕೆ ಹಡಗು ಹತ್ತಿ ಸಿಯೆರಾ ಲಿಯೋನ್‌ನಲ್ಲಿ ಫ್ರೀಟೌನ್ ಕಟ್ಟುವ ಅಧ್ಯಾಯ ಈ ಪುಸ್ತಕದ ಜೀವ. ಹೆಸರುಗಳು ಬಹಳ, ಊರುಗಳು ಬಹಳ, ನಡುನಡುವೆ ಯಾರು ಯಾರ ಅಳಿಯ ಅಂತ ಹಿಂದಕ್ಕೆ ತಿರುಗಿಸಿ ನೋಡಬೇಕಾಗುತ್ತದೆ. ಅಂದಹಾಗೆ, ಯಾರ್ಕ್‌ಟೌನ್‌ನಲ್ಲಿ ಮೈ ಹುಷಾರಿಲ್ಲ ಅಂತ ಹೇಳಿ ಶರಣಾಗತಿಗೆ ತನ್ನ ಕೈಕೆಳಗಿನವನನ್ನು ಕಳಿಸಿದ ಅದೇ ಕಾರ್ನ್‌ವಾಲಿಸ್, 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನಿಂದ ಅರ್ಧ ರಾಜ್ಯ ಬರೆಸಿಕೊಂಡವನು. ಸೋತು ಮನೆಗೆ ಹೋದವನಿಗೆ ಮುಂದೆ ಇಂಥ ಭಾಗ್ಯ!

ಯಾರ್ಕ್‌ಟೌನ್ ಪರೀಕ್ಷೆಗೆ ಸಿಗದ ಪುಸ್ತಕಗಳೂ ಇವೆ. ಡೇವಿಡ್ ಹ್ಯಾಕೆಟ್ ಫಿಷರ್ ಅವರ 'ಪೌಲ್ ರೆವೇರ್ಸ್ ರೈಡ್' ಪೂರ್ತಿ 1775ರ ಏಪ್ರಿಲ್ 18ರ ರಾತ್ರಿ ಮತ್ತು ಮರುದಿನದ ಸುತ್ತಲೇ ಇದೆ. ಹೊಸಬರಿಗೆ ನಾನು ಮೊದಲು ಹೇಳುವುದು ಇದನ್ನೇ. ಬ್ರಿಟಿಷ್ ಸೈನ್ಯ ಬರುತ್ತಿದೆ ಅಂತ ರೆವೇರ್ ಅನ್ನುವ ಒಬ್ಬನೇ ಕುದುರೆ ಸವಾರ ಇಡೀ ನಾಡನ್ನು ಎಬ್ಬಿಸಿದ ಅನ್ನುವುದು 1860ರ ದಶಕದ ಹೊತ್ತಿಗೆ ಒಂದು ಪದ್ಯದಿಂದ ಹಬ್ಬಿದ ಕಥೆ. ಫಿಷರ್ ತೋರಿಸುವುದು ಸವಾರರ ಒಂದು ದೊಡ್ಡ ಜಾಲವನ್ನು. ಒಬ್ಬ ಇನ್ನೊಬ್ಬನನ್ನು ಎಬ್ಬಿಸಿ, ಅವನು ಮತ್ತೊಬ್ಬನನ್ನು ಎಬ್ಬಿಸಿ, ಗಂಟೆ ಬಾರಿಸಿ, ಗುಂಡು ಹಾರಿಸಿ. ರೆವೇರ್ ಅಂತೂ ಬ್ರಿಟಿಷರು ಹೊರಟಿದ್ದ ಕಾಂಕರ್ಡ್ ಊರನ್ನು ಮುಟ್ಟಲೇ ಇಲ್ಲ, ದಾರಿಯಲ್ಲೇ ಬ್ರಿಟಿಷರ ಕೈಗೆ ಸಿಕ್ಕಿಬಿದ್ದ, ಕುದುರೆಯೂ ಹೋಯಿತು. ಮುಟ್ಟಿದವನು ಪ್ರೆಸ್ಕಾಟ್ ಅನ್ನುವ ಡಾಕ್ಟರ್. ಬಿಡಿಸಿಕೊಂಡು ಲೆಕ್ಸಿಂಗ್ಟನ್‌ಗೆ ನಡೆದು ವಾಪಸ್ ಬಂದ ರೆವೇರ್‌ಗೆ ಸಿಕ್ಕ ಕೆಲಸ ಏನು ಗೊತ್ತಾ? ನಾಯಕ ಹ್ಯಾನ್‌ಕಾಕ್ ಹೋಟೆಲಿನ ಮಹಡಿಯಲ್ಲಿ ಬಿಟ್ಟು ಹೋಗಿದ್ದ ಕಾಗದಪತ್ರದ ಟ್ರಂಕು ಸಾಗಿಸುವುದು. ಹ್ಯಾನ್‌ಕಾಕ್‌ನ ಗುಮಾಸ್ತ ಒಂದು ತುದಿ, ರೆವೇರ್ ಒಂದು ತುದಿ ಹಿಡಿದು ಊರಿನ ಮೈದಾನ ದಾಟುತ್ತಿದ್ದಾರೆ, ಬಂದೂಕು ಹಿಡಿದು ಸಾಲಾಗಿ ನಿಂತ ಊರಿನವರ ನಡುವೆಯೇ ಹಾದು ಹೋಗಿದ್ದಾರೆ, ಅಷ್ಟರಲ್ಲಿ ಹಿಂದೆ ಗುಂಡಿನ ಸದ್ದು. ಯುದ್ಧದ ಮೊದಲ ಗುಂಡು! ಇವರಿಬ್ಬರು ಟ್ರಂಕು ಬಿಡದೆ ಮುಂದೆ ನಡೆಯುತ್ತಾರೆ. ಸಿನಿಮಾದಲ್ಲಿ ಹೀಗೆ ಬರೆದರೆ ಯಾರೂ ನಂಬಲಿಕ್ಕಿಲ್ಲ.

ಡೇವಿಡ್ ಮೆಕಲೋ ಅವರ '1776' ಸುಲಭದ ಓದು. ಅಡ್ಡಿಯಿಲ್ಲ, ಆದರೆ ಹೆಸರು ನೋಡಿ ಸ್ವಾತಂತ್ರ್ಯ ಘೋಷಣೆಯ ಕಥೆ ಅಂದುಕೊಳ್ಳಬೇಡಿ, ಅದು ಇಲ್ಲಿ ಬಂದು ಹೋಗುವುದು ಅಷ್ಟೇ. ಇದು ಸೈನ್ಯದ ಕಥೆ. ಬಾಸ್ಟನ್ ಮುತ್ತಿಗೆ, ನ್ಯೂಯಾರ್ಕ್‌ನ ಸೋಲು, ಕೊನೆಗೆ ಟ್ರೆಂಟನ್‌ನ ಗೆಲುವು. ಹೆನ್ರಿ ನಾಕ್ಸ್ ಅಂತ 25 ವರ್ಷದ ಪುಸ್ತಕದಂಗಡಿಯವನು, ಫಿರಂಗಿ ವಿದ್ಯೆಯನ್ನು ಪುಸ್ತಕ ಓದಿಯೇ ಕಲಿತವನು, ಟಿಕಾಂಡೆರೋಗಾ ಕೋಟೆಯಿಂದ ಹಿಮದಲ್ಲಿ ಜಾರುಬಂಡಿ ಮೇಲೆ ಫಿರಂಗಿಗಳನ್ನು ಬಾಸ್ಟನ್‌ವರೆಗೆ ಎಳೆಸಿ ತರುವ ಭಾಗ ಸೊಗಸಾಗಿದೆ. ಬ್ರಿಟಿಷರನ್ನು ಮೂರ್ಖರು ಅಂತ ಚಿತ್ರಿಸಿಲ್ಲ, ಅದು ದೊಡ್ಡ ಗುಣ. ಗುಲಾಮರು, ಮೂಲನಿವಾಸಿಗಳು ಈ ಪುಸ್ತಕದಲ್ಲಿ ಕಾಣುವುದು ಅಪರೂಪ.

ಗುಲಾಮರ ಮಾತು ಬಂತಲ್ಲ, ಎರಿಕಾ ಆರ್ಮ್‌ಸ್ಟ್ರಾಂಗ್ ಡನ್‌ಬಾರ್ ಅವರ 'ನೆವರ್ ಕಾಟ್' ಓದಿ. ಓನಾ ಜಡ್ಜ್ ಅನ್ನುವವಳು ವಾಷಿಂಗ್ಟನ್ ಹೆಂಡತಿಯ ಸೇವಕಿ. ಆಗ ದೇಶದ ರಾಜಧಾನಿ ಇದ್ದ ಪೆನ್ಸಿಲ್ವೇನಿಯಾದ ಕಾನೂನಿನ ಪ್ರಕಾರ ಅಲ್ಲಿ ಆರು ತಿಂಗಳು ನೆಲೆಸಿದ ಗುಲಾಮರು ಬಿಡುಗಡೆ ಕೇಳಬಹುದಿತ್ತು. ಅದಕ್ಕೆ ಅಧ್ಯಕ್ಷ ವಾಷಿಂಗ್ಟನ್ ಮನೆಯಲ್ಲಿ ಕಂಡುಕೊಂಡ ಉಪಾಯ, ಆರು ತಿಂಗಳು ತುಂಬುವ ಮುಂಚೆ ಅವರನ್ನು ರಾಜ್ಯದ ಹೊರಗೆ ಒಮ್ಮೆ ಕಳಿಸಿ ವಾಪಸ್ ಕರೆಸುವುದು. ಸ್ವಾತಂತ್ರ್ಯದ ನಾಯಕ ಸುಮ್ನೆ ಕೂತು ಈ ಲೆಕ್ಕ ಹಾಕುತ್ತಿದ್ದ ಅಂದರೆ ಹೇಗಿರುತ್ತದೆ, ಅಲ್ವಾ? ತನ್ನನ್ನು ಮೊಮ್ಮಗಳ ಮದುವೆಯ ಉಡುಗೊರೆಯಾಗಿ ಕೊಡುತ್ತಾರೆ ಅಂತ ತಿಳಿದ ಓನಾ, 1796ರ ಮೇ ತಿಂಗಳಲ್ಲಿ ಮನೆಯವರೆಲ್ಲ ಊಟಕ್ಕೆ ಕೂತಿದ್ದಾಗ ಹೊರಗೆ ನಡೆದು, ಹಡಗು ಹತ್ತಿ ನ್ಯೂ ಹ್ಯಾಂಪ್‌ಶೈರ್ ಸೇರಿದಳು. ಹಿಡಿದುಕೊಟ್ಟವರಿಗೆ ಹತ್ತು ಡಾಲರ್ ಅಂತ ಪತ್ರಿಕೆಯಲ್ಲಿ ಜಾಹೀರಾತು ಬಂತು. ಅವಳು ಸಿಗಲೇ ಇಲ್ಲ, 1848ರಲ್ಲಿ ಅಲ್ಲೇ ತೀರಿಕೊಂಡಳು. ದಾಖಲೆ ಕಡಿಮೆ ಇರುವ ಕಾರಣ ಲೇಖಕಿ ಆಗಾಗ "ಹೀಗೆ ಅನ್ನಿಸಿರಬೇಕು, ಹಾಗೆ ಹೆದರಿರಬೇಕು" ಅನ್ನುವ ದಾರಿ ಹಿಡಿಯುತ್ತಾರೆ. ಅದು ಸ್ವಲ್ಪ ಅತಿಯಾಯಿತು. ಓನಾ ಮುದುಕಿಯಾದ ಮೇಲೆ ಪತ್ರಿಕೆಗಳಿಗೆ ತಾನೇ ಹೇಳಿದ ಮಾತುಗಳಿವೆ, ಅವು ಬಂದಾಗ ಊಹೆ ಯಾಕೆ ಬೇಕಿತ್ತು ಅನ್ನಿಸುತ್ತದೆ.

ಇದಕ್ಕೆ ತಿರುಗುಮುರುಗು ಲಾರೆಲ್ ಥ್ಯಾಚರ್ ಅಲ್ರಿಚ್ ಅವರ 'ಎ ಮಿಡ್‌ವೈಫ್ಸ್ ಟೇಲ್'. ಮಾರ್ಥಾ ಬಲಾರ್ಡ್ ಅನ್ನುವ ಸೂಲಗಿತ್ತಿ 1785ರಿಂದ 1812ರವರೆಗೆ ಬರೆದ ದಿನಚರಿ. ಮೇನ್ ಪ್ರಾಂತ್ಯದ ಹಾಲೊವೆಲ್ ಊರು, 816 ಹೆರಿಗೆ. ಹವಾಮಾನ, ಯಾರ ಮನೆಗೆ ಹೋದೆ, ಎಷ್ಟು ಸಿಕ್ಕಿತು, ಅಷ್ಟೇ. ಹಿಂದಿನ ಇತಿಹಾಸಕಾರರು ಇದರಲ್ಲೇನಿದೆ ಅಂತ ಬದಿಗಿಟ್ಟಿದ್ದ ದಿನಚರಿ ಇದು. ಅಲ್ರಿಚ್ ಮೊದಲು ಆ ಸಾಲುಗಳನ್ನು ಹಾಗೇ ಕೊಟ್ಟು, ಆಮೇಲೆ ಅದರಿಂದ ಊರಿನ ಸಾಲ, ಮದುವೆ, ಕೋರ್ಟು, ಡಾಕ್ಟರುಗಳ ಪೈಪೋಟಿ ಎಲ್ಲವನ್ನೂ ಹೊರಗೆ ತೆಗೆಯುತ್ತಾರೆ. ಗೊತ್ತಿಲ್ಲದ ಕಡೆ ಊಹೆ ಇಲ್ಲ, ಕಾಗದ ಹೇಳಿದಷ್ಟೇ. ನಿಧಾನದ ಓದು. ಯುದ್ಧ ಬೇಕು ಅನ್ನುವವರಿಗೆ ಇದರಲ್ಲಿ ಯುದ್ಧ ಇಲ್ಲ, ಯುದ್ಧ ಮುಗಿದ ದೇಶದಲ್ಲಿ ಜನ ಹೇಗೆ ದಿನ ತಳ್ಳಿದರು ಅನ್ನುವುದಿದೆ.

ಗಾರ್ಡನ್ ವುಡ್ ಅವರ 'ದಿ ರಾಡಿಕಲಿಸಂ ಆಫ್ ದಿ ಅಮೆರಿಕನ್ ರೆವಲ್ಯೂಷನ್' ಮತ್ತು ಬರ್ನಾರ್ಡ್ ಬೈಲಿನ್ ಅವರ 'ದಿ ಐಡಿಯಲಾಜಿಕಲ್ ಒರಿಜಿನ್ಸ್ ಆಫ್ ದಿ ಅಮೆರಿಕನ್ ರೆವಲ್ಯೂಷನ್', ಇವೆರಡೂ ವಿಚಾರದ ಪುಸ್ತಕಗಳು, ಎರಡಕ್ಕೂ ಪುಲಿಟ್ಜರ್ ಪ್ರಶಸ್ತಿ ಬಂದಿದೆ. ಮೊದಲ ಪುಸ್ತಕವಾಗಿ ಬೇಡವೇ ಬೇಡ. ಬೈಲಿನ್ ಆ ಕಾಲದ ಕರಪತ್ರಗಳನ್ನು ಗುಡ್ಡೆ ಹಾಕಿಕೊಂಡು ಓದಿ, ತೆರಿಗೆ ಮೊತ್ತಕ್ಕಿಂತ ಅಧಿಕಾರದ ಭಯ ಆ ಜನರನ್ನು ಹೇಗೆ ಕಾಡಿತ್ತು ಅಂತ ತೋರಿಸುತ್ತಾರೆ. ವುಡ್ ಹೇಳುವುದು ಇದು ಬರೀ ರಾಜ ಬದಲಾದ ಕಥೆಯಲ್ಲ, ಯಾರು ಯಾರಿಗೆ ತಲೆಬಾಗಬೇಕು ಅನ್ನುವುದೇ ಬದಲಾಯಿತು ಅಂತ. ವಾದ ಗಟ್ಟಿಯಾಗಿದೆ. ಆದರೆ ಓನಾ ಜಡ್ಜ್ ಕಥೆ ಓದಿ ಆಮೇಲೆ ವುಡ್ ಹಿಡಿದರೆ ಪ್ರತಿ ಅಧ್ಯಾಯಕ್ಕೂ ಒಂದು "ಯಾರಿಗೆ?" ಅನ್ನುವ ಪ್ರಶ್ನೆ ಏಳುತ್ತದೆ, ಅದಕ್ಕೆ ಅಲ್ಲಿ ಉತ್ತರ ಕಡಿಮೆ.

ಕೊಳ್ಳುವವರಿಗೆ ಒಂದು ಮಾತು. ಫಿಷರ್ ಮತ್ತು ಫೆನ್ ಎರಡನ್ನೂ ಕಾಗದದಲ್ಲೇ ತೆಗೆದುಕೊಳ್ಳಿ. ಎರಡರಲ್ಲೂ ನಕ್ಷೆ ಮುಖ್ಯ, ಸವಾರರು ಯಾವ ದಾರಿ ಹಿಡಿದರು, ಸಿಡುಬು ಯಾವ ಕಡೆಯಿಂದ ಯಾವ ಕಡೆ ಹೋಯಿತು ಅನ್ನುವುದನ್ನು ಫೋನಿನ ಪರದೆಯಲ್ಲಿ ಹಿಗ್ಗಿಸಿ ಕುಗ್ಗಿಸಿ ನೋಡುತ್ತಾ ಕೂತರೆ ತಲೆಬಿಸಿ. '1776' ಮಾತ್ರ ಕೇಳಿದರೂ ನಡೆಯುತ್ತದೆ, ಮೆಕಲೋ ಅವರೇ ಓದಿದ ಆಡಿಯೊ ಇದೆ.