ರಿವಾರ್ಡ್ ಆ್ಯಪ್‌ಗಳು: ಪಾಯಿಂಟ್ ಬೀಳುವುದು ಎಲ್ಲಿ, ತಪ್ಪುವುದು ಎಲ್ಲಿ

ಗೂಗಲ್ ಒಪಿನಿಯನ್ ರಿವಾರ್ಡ್ಸ್ 2013ರಿಂದ ಇದೆ. ಸರ್ವೆ ತುಂಬಿದ್ದಕ್ಕೆ, ಆಟ ಆಡಿದ್ದಕ್ಕೆ ಪಾಯಿಂಟ್ ಅಥವಾ ಚಿಲ್ಲರೆ ಕೊಡುವ ಈ ಜಾತಿಯ ಆ್ಯಪ್‌ಗಳಲ್ಲಿ ತಲೆನೋವು ಕಡಿಮೆ ಇರುವುದು ಇದರಲ್ಲೇ. ನೋಟಿಫಿಕೇಶನ್ ಬಂದಾಗ ನಾಲ್ಕೈದು ಪ್ರಶ್ನೆಗೆ ಉತ್ತರಿಸಿದರೆ ಮುಗಿಯಿತು. ಲೊಕೇಶನ್ ಆನ್ ಇಟ್ಟರೆ ನೀವು ಹೋಗಿಬಂದ ಅಂಗಡಿಗಳ ಬಗ್ಗೆಯೂ ಸರ್ವೆ ಬರುತ್ತದೆ. ಓಡಾಟದ ವಿವರ ಕೊಟ್ಟು ಗಳಿಸುವ ಚಿಲ್ಲರೆ ಅದು, ಬೇಡವೆನಿಸಿದರೆ ಆಫ್ ಮಾಡಿ. ಆಂಡ್ರಾಯ್ಡ್‌ನಲ್ಲಿ ಸಿಗುವುದು ಪ್ಲೇ ಸ್ಟೋರ್ ಕ್ರೆಡಿಟ್, ನಗದಲ್ಲ. ಒಂದು ವರ್ಷದೊಳಗೆ ಬಳಸದಿದ್ದರೆ ಅದೂ ಹೋಯಿತು. ಐಫೋನ್‌ನಲ್ಲಿ ಪೇಪಾಲ್‌ಗೆ ಬರುತ್ತದೆ.

ಇದಕ್ಕಿಂತ ಹೆಚ್ಚು ಬೇಕೆಂದರೆ ಸ್ವಾಗ್‌ಬಕ್ಸ್‌ನಂಥವುಗಳ ಗೇಮ್ ಆಫರ್‌ಗಳಿಗೇ ಬರಬೇಕು. ಅಲ್ಲಿನ ಪಾಯಿಂಟ್‌ನ ಹೆಸರು ಎಸ್‌ಬಿ, 100 ಎಸ್‌ಬಿ ಅಂದರೆ ಸುಮಾರು ಒಂದು ಡಾಲರ್. ಆಟ ಇನ್‌ಸ್ಟಾಲ್ ಮಾಡಿ ಇಂತಿಷ್ಟು ದಿನದೊಳಗೆ ಇಂಥ ಲೆವೆಲ್ ಮುಟ್ಟಬೇಕು. ಹೊಸ ಆಟಗಾರರನ್ನು ತಂದುಕೊಟ್ಟದ್ದಕ್ಕೆ ಗೇಮ್ ಕಂಪನಿ ಕೊಡುವ ಕಮಿಷನ್‌ನಲ್ಲಿ ನಿಮಗೊಂದು ಪಾಲು. ಹಾಗಾಗಿಯೇ ಈ ಹಿಂದೆ ಒಮ್ಮೆ ಇನ್‌ಸ್ಟಾಲ್ ಮಾಡಿದ್ದ ಆಟಕ್ಕೆ ಪಾಯಿಂಟ್ ಬೀಳುವುದಿಲ್ಲ.

ಬಹುಪಾಲು ದೂರು ಟ್ರ್ಯಾಕಿಂಗ್‌ನದ್ದು. ಆಫರ್ ಲಿಂಕ್ ಒತ್ತಿದ್ದನ್ನೂ ಆಟ ಮೊದಲ ಸಲ ತೆರೆದದ್ದನ್ನೂ ಆ್ಯಪ್ಸ್‌ಫ್ಲೈಯರ್, ಅಡ್ಜಸ್ಟ್ ಮುಂತಾದ ಸೇವೆಗಳು ಜೋಡಿಸಿ ನೋಡುತ್ತವೆ. ಆಂಡ್ರಾಯ್ಡ್‌ನಲ್ಲಿ ಈ ಜೋಡಣೆಗೆ ಮುಖ್ಯವಾಗಿ ಬೇಕಾದದ್ದು ಅಡ್ವರ್ಟೈಸಿಂಗ್ ಐಡಿ, ಅಂದರೆ ಜಾಹೀರಾತಿಗಾಗಿ ಫೋನ್‌ಗೆ ಕೊಟ್ಟ ಗುರುತು. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಡಿಲೀಟ್ ಮಾಡಿದ್ದರೆ, ವಿಪಿಎನ್ (ನೆಟ್ ಸಂಪರ್ಕವನ್ನು ಬೇರೆ ಸರ್ವರ್ ಮೂಲಕ ಹಾಯಿಸುವ ಸೇವೆ) ಅಥವಾ ಜಾಹೀರಾತು ತಡೆಯುವ ಡಿಎನ್‌ಎಸ್ (ವೆಬ್ ವಿಳಾಸ ಹುಡುಕಿಕೊಡುವ ಸೇವೆ) ಓಡುತ್ತಿದ್ದರೆ ಕೊಂಡಿ ತಪ್ಪಬಹುದು. ಒಂದೇ ಆಟದ ಲಿಂಕನ್ನು ಎರಡು ರಿವಾರ್ಡ್ ಆ್ಯಪ್‌ಗಳಲ್ಲಿ ಒತ್ತಿದರೆ ಸಾಮಾನ್ಯವಾಗಿ ಕೊನೆಯ ಕ್ಲಿಕ್ಕಿಗೇ ಲೆಕ್ಕ.

ಆದ್ದರಿಂದ ವಿಪಿಎನ್, ಅಂಥ ಡಿಎನ್‌ಎಸ್ ಎರಡನ್ನೂ ಮೊದಲು ಆಫ್ ಮಾಡಿ, ಲಿಂಕ್ ಒತ್ತಿ, ಅದು ಕರೆದೊಯ್ದ ಪುಟದಿಂದಲೇ ಇನ್‌ಸ್ಟಾಲ್ ಮಾಡಿ, ಕೂಡಲೇ ತೆರೆಯಿರಿ. ನಡುವೆ ವೈಫೈ ಬಿಟ್ಟು ಡೇಟಾಗೆ ಹಾರಬೇಡಿ. ಟ್ಯುಟೋರಿಯಲ್ ಮುಗಿದ ಮೇಲೂ ರಿವಾರ್ಡ್ ಆ್ಯಪ್‌ನಲ್ಲಿ ಆಫರ್ ಶುರುವಾದ ಗುರುತು ಕಾಣದಿದ್ದರೆ ಮುಂದೆ ಆಡುವುದು ದಂಡ. ಕಂಡರೆ, ಪ್ರತಿ ಹಂತದಲ್ಲೂ ಪ್ಲೇಯರ್ ಐಡಿ, ಲೆವೆಲ್, ತಾರೀಖು ಮೂರೂ ಕಾಣುವ ಸ್ಕ್ರೀನ್‌ಶಾಟ್ ಇರಲಿ. ಪಾಯಿಂಟ್ ಬೀಳದೆ ಸಪೋರ್ಟ್‌ಗೆ ಬರೆದಾಗ ಅವರು ಕೇಳುವುದು ಇದನ್ನೇ.

ಇನ್ನು ಆಮಿಷದ ಸಂಗತಿ. ಆಫರ್‌ನ ಮೇಲೆ ಹೊಳೆಯುವ ದೊಡ್ಡ ಮೊತ್ತದ ಹೆಚ್ಚಿನ ಪಾಲು ಕೊನೆಯ ಹಂತದಲ್ಲಿರುತ್ತದೆ. ಆ ಹೊತ್ತಿಗೆ ಆಟ ಬೇಕೆಂದೇ ನಿಧಾನವಾಗಿರುತ್ತದೆ, ಆಟದೊಳಗಿನ ಒಂದು ಕಟ್ಟಡ ಮುಂದಿನ ಲೆವೆಲ್‌ಗೆ ಏರಲು ಎರಡು ದಿನ ಕಾಯಿಸುತ್ತದೆ, ಪಕ್ಕದಲ್ಲೇ ದುಡ್ಡು ಕೊಟ್ಟು ಬೇಗ ಮುಗಿಸುವ ಬಟನ್! ಒತ್ತಿದರೆ ಬರುವ ಮೊತ್ತಕ್ಕಿಂತ ಖರ್ಚೇ ಜಾಸ್ತಿಯಾಗಬಹುದು. ಮೊದಲ ಮೂರು ನಾಲ್ಕು ಹಂತ ಮುಗಿಸಿ ಆಟ ತೆಗೆದುಹಾಕುವುದೇ ಲಾಭ.

ಹಣ ಬಿಡಿಸಿಕೊಳ್ಳಲು ಮೊದಲು ಶುಲ್ಕ ಕಟ್ಟಿ ಎನ್ನುವ, ಅಥವಾ ಎಸ್‌ಎಂಎಸ್ ಓದಲು ಅನುಮತಿ ಕೇಳುವ ಆ್ಯಪ್ ಕಂಡರೆ ಅಲ್ಲೇ ಅನ್‌ಇನ್‌ಸ್ಟಾಲ್ ಮಾಡಿ. ಉಳಿದವುಗಳಲ್ಲೂ ಪಾಯಿಂಟ್ ಕೂಡಿಡುವ ಆಸೆ ಬೇಡ. ಕನಿಷ್ಠ ಮೊತ್ತ ತಲುಪಿದ ದಿನವೇ ವಿತ್‌ಡ್ರಾ ಒತ್ತಿ, ಅದು ಕೈಸೇರಿದ ಮೇಲಷ್ಟೇ ಮುಂದಿನ ದೊಡ್ಡ ಆಫರ್ ಹಿಡಿಯಿರಿ.