ಗುಲಾಬಿ ಮೊಲ ಬರ್ಲಿನ್‌ನಲ್ಲೇ ಉಳಿಯಿತು

ಪುಸ್ತಕದ ಹೆಸರಲ್ಲೇ ಹಿಟ್ಲರ್ ಇದ್ದಾನೆ. ಆದರೆ ಕಥೆಯಲ್ಲಿ ಅವನು ಎದುರಿಗೆ ಬರುವುದೇ ಇಲ್ಲ. ಚುನಾವಣೆಯ ಪೋಸ್ಟರ್‌ನಲ್ಲಿ ಅವನ ಮುಖ, ಮೀಸೆ ಕಾಣುತ್ತದೆ, ಅಷ್ಟೇ. ಆ ಮುಖ ನೋಡಿ ಒಬ್ಬ ಪುಟ್ಟ ಹುಡುಗಿ ಚಾರ್ಲಿ ಚಾಪ್ಲಿನ್ ಅಂದುಕೊಂಡುಬಿಟ್ಟಿರುತ್ತಾಳೆ. ಶುರುವಿನಲ್ಲೇ ಬರುವ ಮಾತು ಇದು. ನನಗೆ ನಗು ಬಂತು. ಇಂಥ ಪುಸ್ತಕದಲ್ಲಿ ನಗಬಹುದಾ ಅಂತ ಒಂದು ಕ್ಷಣ ಮುಜುಗರವೂ ಆಯಿತು. ನಗಬಹುದು. ಬರೆದವರೇ ನಗಿಸುತ್ತಾರೆ.

ಜುಡಿತ್ ಕೆರ್ ಬರೆದ 'ವೆನ್ ಹಿಟ್ಲರ್ ಸ್ಟೋಲ್ ಪಿಂಕ್ ರ್‍ಯಾಬಿಟ್' 1971ರಲ್ಲಿ ಬಂದ ಕಾದಂಬರಿ. ಅನ್ನಾಗೆ ಒಂಬತ್ತು ವರ್ಷ. ಅವಳಿಗೊಬ್ಬ ಅಣ್ಣ ಮ್ಯಾಕ್ಸ್. ಊರು ಬರ್ಲಿನ್, ಕಾಲ 1933ರ ಆರಂಭ. ಅಪ್ಪ ಹೆಸರುವಾಸಿ ಬರಹಗಾರರು, ಯಹೂದಿ, ನಾಜಿಗಳನ್ನು ಕಂಡರಾಗದವರು. ಚುನಾವಣೆ ಮುಗಿದ ಮೇಲೆ ಅವರ ಪಾಸ್‌ಪೋರ್ಟ್ ಕಿತ್ತುಕೊಳ್ಳಬಹುದು ಅಂತ ಯಾರೋ ಫೋನ್‌ನಲ್ಲಿ ಎಚ್ಚರಿಸುತ್ತಾರೆ. ಜ್ವರದಲ್ಲಿ ಮಲಗಿದ್ದ ಅಪ್ಪ ಎದ್ದು ರಾತ್ರೋರಾತ್ರಿ ಪ್ರಾಗ್‌ಗೆ ಹೊರಟುಬಿಡುತ್ತಾರೆ. ಆಮೇಲೆ ಅಮ್ಮ, ಮಕ್ಕಳು ಗುಟ್ಟಾಗಿ ಸ್ವಿಟ್ಜರ್‌ಲೆಂಡ್‌ಗೆ ಹೋಗುತ್ತಾರೆ. ಅಲ್ಲಿಂದ ಎಲ್ಲರೂ ಪ್ಯಾರಿಸ್‌ಗೆ, ಕೊನೆಗೆ ಲಂಡನ್‌ಗೆ. ಕಥೆ ಇಷ್ಟೇ. ಇಷ್ಟು ಹೇಳಿದ್ದರಿಂದ ಓದುವ ಖುಷಿ ಏನೂ ಕಮ್ಮಿ ಆಗುವುದಿಲ್ಲ.

ಇದೆಲ್ಲ ಹೆಚ್ಚೂಕಡಿಮೆ ಲೇಖಕಿಯದೇ ಬಾಲ್ಯ. ಅವರು 1923ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದವರು. ಅವರ ಅಪ್ಪ ಆಲ್ಫ್ರೆಡ್ ಕೆರ್ ದೊಡ್ಡ ನಾಟಕ ವಿಮರ್ಶಕರು. 1933ರ ಮೇ ತಿಂಗಳಲ್ಲಿ ನಾಜಿಗಳು ಬೆಂಕಿಗೆ ಹಾಕಿದ ಪುಸ್ತಕಗಳಲ್ಲಿ ಅವರವೂ ಇದ್ದವು. ಜುಡಿತ್ ಈ ಕಾದಂಬರಿ ಬರೆದಿದ್ದು ತಮ್ಮ ಮಕ್ಕಳಿಗೋಸ್ಕರ. 'ಸೌಂಡ್ ಆಫ್ ಮ್ಯೂಸಿಕ್' ಸಿನಿಮಾ ನೋಡಿದ ಮಗ, ಅಮ್ಮ ಚಿಕ್ಕವಳಿದ್ದಾಗ ಹೇಗಿತ್ತು ಅಂತ ಈಗ ಗೊತ್ತಾಯಿತು ಅಂದನಂತೆ. ಹಾಗಿರಲಿಲ್ಲಪ್ಪ, ನಿಜವಾಗಿ ಹೇಗಿತ್ತು ಅಂತ ಬರೆಯುತ್ತೇನೆ ಅಂತ ಕೂತರು. ಬೆಟ್ಟದ ಮೇಲೆ ಹಾಡು ಹೇಳಿಕೊಂಡು ದೇಶ ಬಿಡುವ ಸಿನಿಮಾ ಎಲ್ಲಿ, ಜ್ವರದಲ್ಲಿ ನಡುಗುತ್ತಾ ರೈಲು ಹತ್ತಿದ ಅಪ್ಪ ಎಲ್ಲಿ!

ನಾನು ಒಂಬತ್ತನೇ ಕ್ಲಾಸು. ನಿರಾಶ್ರಿತರ ಬಗ್ಗೆ ಅಂದಾಗ ನನ್ನ ಮನಸ್ಸಿಗೆ ಬರುತ್ತಿದ್ದುದು ದೋಣಿ, ಬೇಲಿ, ಡೇರೆ, ಅಳುವ ಮಕ್ಕಳು. ನ್ಯೂಸ್‌ನಲ್ಲಿ ತೋರಿಸೋದು ಅದನ್ನೇ ಅಲ್ವಾ. ಈ ಪುಸ್ತಕದಲ್ಲಿ ಅದೊಂದೂ ಇಲ್ಲ. ಇರೋದು ಹೋಟೆಲ್ ಕೋಣೆ, ಹೊಸ ಸ್ಕೂಲು, ಬಾಡಿಗೆ ಮನೆ, ಸಾಲದ ದುಡ್ಡು. ನನ್ನ ಅಕ್ಕ ಕಾಲೇಜಿನವಳು. ಅವಳಿಗೆ ಇದೇ ತಕರಾರು. 'ಇದರಲ್ಲಿ ಏನೂ ಆಗೋದೇ ಇಲ್ಲ ಕಣೇ, ರಜಕ್ಕೆ ಹೋದವರ ಕಥೆ ಥರ ಇದೆ' ಅಂದಳು. ನಾನು ಒಪ್ಪಲಿಲ್ಲ. ಈ ವಿಮರ್ಶೆ ಬರೆಯುತ್ತಿರೋದು ಸುಮಾರಾಗಿ ಅವಳ ಜೊತೆ ಜಗಳಕ್ಕೇ.

ಏನೂ ಆಗಲ್ಲ ಅನ್ನೋದು ಸುಳ್ಳು. ಆಗುತ್ತದೆ, ಆದರೆ ಅನ್ನಾಗೆ ಕಾಣುವಷ್ಟೇ ನಮಗೂ ಕಾಣುತ್ತದೆ. ಮೊಲದ ವಿಷಯವನ್ನೇ ತಗೊಳ್ಳಿ. ಊರು ಬಿಡುವಾಗ ಒಂದೇ ಆಟಿಕೆ ತಗೋಬಹುದು. ಒಂದು ಕಡೆ ಗುಲಾಬಿ ಮೊಲ. ಅವಳ ಜೊತೆಗೇ ಬೆಳೆದದ್ದು, ಹಳೆಯದಾಗಿ ಮೆತ್ತಗಾಗಿದೆ. ಇನ್ನೊಂದು ಕಡೆ ಕ್ರಿಸ್‌ಮಸ್‌ಗೆ ಬಂದ ಹೊಸ ಉಣ್ಣೆಯ ನಾಯಿ. ಇನ್ನೂ ಸರಿಯಾಗಿ ಆಡಿಲ್ಲ. ಅನ್ನಾ ನಾಯಿಯನ್ನು ಚೀಲಕ್ಕೆ ಹಾಕುತ್ತಾಳೆ. ಉಳಿದ ಸಾಮಾನು ಹೇಗೂ ಆಮೇಲೆ ಬರುತ್ತದೆ, ತಾವೂ ವಾಪಸ್ ಬರುತ್ತೇವೆ ಅನ್ನೋ ಧೈರ್ಯ. ಮನೆ ನೋಡಿಕೊಳ್ಳುವ ಹೈಂಪಿ ಇದ್ದಾಳಲ್ಲ. ಆಮೇಲೆ ಸ್ವಿಟ್ಜರ್‌ಲೆಂಡ್‌ನಲ್ಲಿ ಸುದ್ದಿ ಬರುತ್ತದೆ. ನಾಜಿಗಳು ಮನೆಯ ಸಾಮಾನೆಲ್ಲ ಜಪ್ತಿ ಮಾಡಿದ್ದಾರೆ. ಅನ್ನಾ ತಲೆಯಲ್ಲಿ ಓಡುವುದು ಏನು ಗೊತ್ತಾ? ಹಿಟ್ಲರ್ ತನ್ನ ಮೊಲವನ್ನು ತಬ್ಬಿಕೊಂಡು ಆಡುತ್ತಿರಬಹುದು ಅಂತ.

ದೊಡ್ಡವರು ಬರೆದಿದ್ದರೆ ಇಲ್ಲಿ ಮನೆ ಹೋಯಿತು, ಪುಸ್ತಕ ಹೋಯಿತು, ಪಿಯಾನೋ ಹೋಯಿತು ಅಂತ ಪಟ್ಟಿ ಕೊಡುತ್ತಿದ್ದರು. ಇಲ್ಲಿ ಒಂದು ಮೊಲ. ಅದನ್ನು ಬಿಟ್ಟು ಬಂದಿದ್ದು ತಾನೇ ಅನ್ನೋ ಸಂಕಟ ಬೇರೆ. ನನಗೆ ಮನೆಗಿಂತ ಮೊಲಕ್ಕೇ ಜಾಸ್ತಿ ಬೇಜಾರಾಯಿತು.

ಇನ್ನೊಂದು ಜಾಗ. ಅಪ್ಪನ ತಲೆಗೆ ಸಾವಿರ ಮಾರ್ಕ್ (ಆಗಿನ ಜರ್ಮನಿಯ ದುಡ್ಡು) ಬೆಲೆ ಕಟ್ಟಿದ್ದಾರೆ ಅನ್ನೋ ಮಾತು ಅನ್ನಾ ಕಿವಿಗೆ ಬೀಳುತ್ತದೆ. ಹಾಗಂದರೆ ಏನು ಅಂತ ಅವಳಿಗೆ ಗೊತ್ತಿಲ್ಲ. ಕೇಳುವ ಧೈರ್ಯವೂ ಇಲ್ಲ. ಅಪ್ಪ ಒಂದು ಚಿಕ್ಕ ಕೋಣೆಯಲ್ಲಿ ನಿಂತಿದ್ದಾರೆ, ಮೇಲಿಂದ ನಾಣ್ಯಗಳು ದಬದಬ ತಲೆ ಮೇಲೆ ಸುರಿಯುತ್ತಿವೆ ಅಂತ ಕಲ್ಪಿಸಿಕೊಳ್ಳುತ್ತಾಳೆ. ಓದುವ ನಮಗೆ ನಿಜವಾದ ಅರ್ಥ ಗೊತ್ತು. ಅವಳಿಗೆ ಗೊತ್ತಿಲ್ಲ. ಆದರೂ ಅವಳ ಹೆದರಿಕೆ ನಮ್ಮ ಹೆದರಿಕೆಗಿಂತ ದೊಡ್ಡದು. ಅರ್ಧ ಕೇಳಿಸಿಕೊಂಡ ಮಾತಿಗೆ ಮಕ್ಕಳು ಎಷ್ಟು ಹೆದರುತ್ತಾರೆ ಅನ್ನೋದು ದೊಡ್ಡವರಿಗೆ ನೆನಪೇ ಇರುವುದಿಲ್ಲ. ಈ ಲೇಖಕಿಗೆ ನೆನಪಿತ್ತು. ಬರೆಯುವಾಗ ಅವರಿಗೆ ನಲವತ್ತು ದಾಟಿತ್ತು ನೋಡಿ.

ಸ್ವಿಟ್ಜರ್‌ಲೆಂಡ್ ಭಾಗ ಸ್ವಲ್ಪ ನಿಧಾನ. ಕೆರೆ, ಹಳ್ಳಿ, ತಂಗಿರುವ ಮನೆಯ ಮಕ್ಕಳು. ಹಳ್ಳಿಯ ಹುಡುಗರು ಅನ್ನಾ ಹಿಂದೆ ಬಿದ್ದು ಕಲ್ಲು ಎಸೆಯುವ ಪ್ರಸಂಗ ಮಾತ್ರ ಸೂಪರ್. ಯಹೂದಿ ಅಂತ ಹೊಡೆಯುತ್ತಿದ್ದಾರೆ ಅಂತ ನಾನು ಓದುತ್ತಾ ಹಲ್ಲು ಕಚ್ಚಿಕೊಂಡೆ. ಕಾರಣ ಬೇರೆಯೇ ಇರುತ್ತದೆ. ಆ ಹುಡುಗರಿಗೆಲ್ಲ ಅವಳು ಇಷ್ಟವಾಗಿಬಿಟ್ಟಿರುತ್ತಾಳೆ! ಅಲ್ಲಿ ಇಷ್ಟ ಅಂತ ತೋರಿಸುವುದು ಹಾಗಂತೆ. ಇನ್ನೊಂದು ಕಡೆ ಜರ್ಮನಿಯಿಂದ ರಜಕ್ಕೆ ಬಂದ ಕುಟುಂಬದ ತಾಯಿಯೊಬ್ಬಳು, ಈ ಇಬ್ಬರ ಜೊತೆ ಆಡಬೇಡಿ ಅಂತ ತನ್ನ ಮಕ್ಕಳಿಗೆ ಹೇಳುತ್ತಾಳೆ. ಅಲ್ಲಿ ಕಲ್ಲಿಲ್ಲ, ಕೂಗಾಟ ಇಲ್ಲ, ಎಲ್ಲ ಮರ್ಯಾದೆಯಾಗಿಯೇ ನಡೆಯುತ್ತದೆ. ನಿಜವಾಗಿ ಪೆಟ್ಟಾಗುವುದು ಅಲ್ಲೇ.

ಬಾಸೆಲ್ ಸ್ಟೇಷನ್ನಿನ ಅಧ್ಯಾಯವನ್ನು ನನ್ನ ತಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಪ್ಯಾರಿಸ್‌ಗೆ ಹೋಗಲು ರೈಲು ಬದಲಿಸಬೇಕು. ಸಮಯ ಕಮ್ಮಿ. ಕೂಲಿಯವನು ಸಾಮಾನು ಹೊತ್ತು ಓಡಿ ಒಂದು ರೈಲಿಗೆ ಹತ್ತಿಸುತ್ತಾನೆ. ಅನ್ನಾ ಕಣ್ಣಿಗೆ ಬೋರ್ಡ್ ಬೀಳುತ್ತದೆ: ಸ್ಟುಟ್‌ಗಾರ್ಟ್. ಅಂದರೆ ಜರ್ಮನಿ! ಅಪ್ಪ ಆ ರೈಲಲ್ಲಿ ಹೋದರೆ ಮುಗಿಯಿತು ಕಥೆ. ಹೇಗೋ ಇಳಿಯುತ್ತಾರೆ. ಕೂಲಿಯವನು ಗಡಿಬಿಡಿಯಲ್ಲಿ ಎಡವಿದನೋ, ಬೇಕಂತಲೇ ಮಾಡಿದನೋ? ನನಗಂತೂ ಅವನ ಮೇಲೆ ಅನುಮಾನ. ತಮ್ಮ 'ಬೇಕಂತಲೇ' ಅಂತ ತೀರ್ಪು ಕೊಟ್ಟು ಮಲಗಿದ.

ಪ್ಯಾರಿಸ್‌ಗೆ ಬಂದ ಮೇಲೆ ಪುಸ್ತಕ ನಿಜವಾಗಿ ಗಟ್ಟಿಯಾಗುತ್ತದೆ. ಅಲ್ಲಿಂದ ಮುಂದೆ ಇದು ದುಡ್ಡಿನ ಕಥೆ. ಅಕ್ಕ ಗಮನಿಸದೇ ಇದ್ದದ್ದು ಇದನ್ನೇ. ಬರ್ಲಿನ್‌ನಲ್ಲಿ ಈ ಮನೆಯಲ್ಲಿ ಕೆಲಸದವರು ಇದ್ದರು. ಅಮ್ಮನಿಗೆ ಪಿಯಾನೋ ಬರುತ್ತದೆ, ಅಡುಗೆ ಬರುವುದಿಲ್ಲ, ಹೊಲಿಗೆ ಬರುವುದಿಲ್ಲ. ಈಗ ಎಲ್ಲ ಕಲಿಯಬೇಕು. ಮಕ್ಕಳು ಬೆಳೆಯುತ್ತಲೇ ಇದ್ದಾರೆ, ಬಟ್ಟೆ ಬೆಳೆಯುವುದಿಲ್ಲ. ಅಪ್ಪ ದಿನವಿಡೀ ಟೈಪ್ ಮಾಡುತ್ತಾರೆ, ಆದರೆ ಜರ್ಮನ್‌ನಲ್ಲಿ ಬರೆಯುವವರ ಬರಹಕ್ಕೆ ಅಲ್ಲಿ ಹೆಚ್ಚು ದುಡ್ಡು ಹುಟ್ಟುವುದಿಲ್ಲ. ನಿರಾಶ್ರಿತರಾಗೋದು ಗಡಿ ದಾಟಿದ ದಿನ ಮುಗಿಯುವ ಕೆಲಸ ಅಲ್ಲ. ಅದು ಪ್ರತಿ ತಿಂಗಳೂ ಆಗುತ್ತಾ ಇರುತ್ತದೆ. ಬಾಡಿಗೆ ತಡವಾದಾಗ ಕಟ್ಟಡ ನೋಡಿಕೊಳ್ಳುವ ಹೆಂಗಸು ಬಾಯಿಗೆ ಬಂದಂತೆ ಬೈಯುತ್ತಾಳೆ. ನಿಮ್ಮಂಥವರನ್ನು ಓಡಿಸಿದ ಹಿಟ್ಲರ್ ಮಾಡಿದ್ದು ಸರಿ ಅನ್ನುವ ಅರ್ಥದಲ್ಲಿ ಮಾತಾಡುತ್ತಾಳೆ. ಅವಳು ನಾಜಿ ಅಲ್ಲ, ಮೆಟ್ಟಿಲು ಗುಡಿಸುವ ಸಾಮಾನ್ಯ ಹೆಂಗಸು. ಓದಿ ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟೆ. ಅಷ್ಟು ಸಿಟ್ಟು ಬಂದಿತ್ತು.

ಯೂಲಿಯಸ್ ಅಂಕಲ್ ಬಗ್ಗೆ ಹೇಳಲೇಬೇಕು. ಅಪ್ಪನ ಗೆಳೆಯ. ಪ್ರಾಣಿಗಳ ಬಗ್ಗೆ ಓದಿಕೊಂಡವರು, ಮ್ಯೂಸಿಯಂನಲ್ಲಿ ಕೆಲಸ. ಇದೆಲ್ಲ ಸ್ವಲ್ಪ ದಿನ, ತಾನಾಗಿ ತಣ್ಣಗಾಗುತ್ತದೆ ಅಂತ ನಂಬಿ ಜರ್ಮನಿಯಲ್ಲೇ ಉಳಿಯುತ್ತಾರೆ. ಅವರ ಒಬ್ಬ ಅಜ್ಜಿ ಯಹೂದಿ. ಅಷ್ಟು ಸಾಕಾಗುತ್ತದೆ. ಕೆಲಸ ಹೋಗುತ್ತದೆ. ಉಳಿದಿದ್ದ ಒಂದೇ ಸುಖ ಮೃಗಾಲಯಕ್ಕೆ ಹೋಗಿ ಪ್ರಾಣಿ ನೋಡುವುದು. ಒಂದು ದಿನ ಆ ಪಾಸ್ ಕೂಡ ಕಿತ್ತುಕೊಳ್ಳುತ್ತಾರೆ. ಆಮೇಲೆ ಅವರು ಬದುಕಿರುವುದಿಲ್ಲ. ಇಷ್ಟನ್ನು ಲೇಖಕಿ ಒಂದೂ ದೊಡ್ಡ ಮಾತಿಲ್ಲದೆ ಹೇಳಿ ಮುಗಿಸುತ್ತಾರೆ. ಏನೂ ಆಗಲ್ಲ ಅಂದವಳು ಈ ಪುಟಗಳನ್ನು ಹಾರಿಸಿಕೊಂಡು ಓದಿದಳೋ ಏನೋ!

ಆದರೂ ಅಕ್ಕನ ಮಾತಿನಲ್ಲಿ ಸ್ವಲ್ಪ ನಿಜ ಇದೆ. ಈ ಕುಟುಂಬಕ್ಕೆ ಗುರುತು ಪರಿಚಯ ಇದೆ. ಸಾಲ ಕೊಡುವವರಿದ್ದಾರೆ, ಬಟ್ಟೆ ಕೊಡುವ ದೊಡ್ಡತ್ತೆ ಇದ್ದಾರೆ. ಅಪ್ಪನ ಹೆಸರು ಗೊತ್ತಿರುವವರು ಎಲ್ಲ ಕಡೆ ಸಿಗುತ್ತಾರೆ. ಏನೂ ಇಲ್ಲದ ಯಹೂದಿ ಕುಟುಂಬದ ಮಗುವಿನ ಕಥೆ ಇದಲ್ಲ. ಇನ್ನೊಂದು, ಕೈ ಪೂರ್ತಿ ಖಾಲಿಯಾದಾಗ ಅಪ್ಪ ನೆಪೋಲಿಯನ್‌ನ ತಾಯಿಯ ಬಗ್ಗೆ ಬರೆದ ಸಿನಿಮಾ ಕಥೆಯನ್ನು ಇಂಗ್ಲೆಂಡಿನಲ್ಲಿ ಸಾವಿರ ಪೌಂಡ್ ಕೊಟ್ಟು ಕೊಂಡುಕೊಳ್ಳುತ್ತಾರೆ. ಕಾದಂಬರಿಗೆ ಇದು ಜಾಸ್ತಿಯೇ ಅನುಕೂಲದ ತಿರುವು ಅನ್ನಿಸಿತು. ನಿಜ ಜೀವನದಲ್ಲೂ ಹಾಗೇ ಆಗಿತ್ತಂತೆ, ಸಿನಿಮಾ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ ಕೊಂಡಿದ್ದರಂತೆ. ನಿಜ ಆದ ಮಾತ್ರಕ್ಕೆ ಓದುವಾಗ ನಂಬಿಕೆ ಬರಬೇಕು ಅಂತೇನಿಲ್ಲವಲ್ಲ.

ಮ್ಯಾಕ್ಸ್ ಬಗ್ಗೆ ಇನ್ನೂ ಬೇಕಿತ್ತು. ಪ್ಯಾರಿಸ್‌ನಲ್ಲಿ ಅವನು ಫ್ರೆಂಚ್ ಹುಡುಗರಂತೆಯೇ ಆಗಬೇಕು ಅಂತ ಹಟಕ್ಕೆ ಬೀಳುತ್ತಾನೆ. ಬೇರೆಯವನಾಗಿ ಕಾಣುವುದೇ ಅವನಿಗೆ ಆಗುವುದಿಲ್ಲ. ನನ್ನ ವಯಸ್ಸಿನವರಿಗೆ ಅನ್ನಾಗಿಂತ ಅವನೇ ಹತ್ತಿರ. ಆದರೆ ಎಲ್ಲವನ್ನೂ ಅನ್ನಾ ಕಣ್ಣಿನಿಂದ ನೋಡುವುದರಿಂದ ಅವನ ಒಳಗೆ ಏನಾಗುತ್ತಿದೆ ಅಂತ ತಿಳಿಯುವುದೇ ಇಲ್ಲ.

ಅನ್ನಾಳ ಒಂದು ಚಿಂತೆ ನನಗೆ ತುಂಬಾ ಇಷ್ಟವಾಯಿತು. ದೊಡ್ಡವಳಾದ ಮೇಲೆ ಅವಳು ಹೆಸರು ಮಾಡಬೇಕು. ಹೆಸರು ಮಾಡಿದವರ ಬಗ್ಗೆ ಒಂದು ಪುಸ್ತಕ ಓದುತ್ತಾಳೆ. ಅವರೆಲ್ಲರ ಬಾಲ್ಯವೂ ಕಷ್ಟದ್ದು. ತನ್ನ ಬಾಲ್ಯದಲ್ಲಿ ಅಂಥ ಕಷ್ಟ ಏನೂ ಇಲ್ಲವಲ್ಲ ಅಂತ ಬೇಜಾರು ಅವಳಿಗೆ! ದೇಶ ಹೋಗಿದೆ, ಮನೆ ಹೋಗಿದೆ, ಗೊತ್ತಿಲ್ಲದ ಭಾಷೆಯ ಸ್ಕೂಲಿನಲ್ಲಿ ಕೂತಿದ್ದಾಳೆ, ಆದರೂ ತನ್ನದು ಕಷ್ಟದ ಬಾಲ್ಯ ಅಂತ ಅವಳಿಗೆ ಅನ್ನಿಸುವುದೇ ಇಲ್ಲ. ಅಪ್ಪ, ಅಮ್ಮ, ಅಣ್ಣ ಜೊತೆಗಿದ್ದಾರೆ, ಸಾಕು. ಇದನ್ನು ಓದಿ ಅಕ್ಕ 'ಅದಕ್ಕೇ ಹೇಳಿದ್ದು, ರಜದ ಥರ' ಅಂದಳು. ಅದು ರಜದ ಥರ ಇರಲಿ ಅಂತ ಅಪ್ಪ ಅಮ್ಮ ಎಷ್ಟು ಒದ್ದಾಡುತ್ತಿದ್ದಾರೆ ಅನ್ನೋದು ಸಾಲುಗಳ ಸಂದಿಯಲ್ಲಿ ಕಾಣುತ್ತದೆ. ಅಮ್ಮ ಒಮ್ಮೊಮ್ಮೆ ಸಿಡುಕುವುದು, ಅಪ್ಪ ಸುಮ್ನೆ ಕೂತುಬಿಡುವುದು. ಅನ್ನಾ ಅದನ್ನು ಹೇಳಿ ಮುಂದೆ ಹೋಗುತ್ತಾಳೆ. ನಿಂತು ನೋಡಬೇಕಾದವರು ನಾವು.

ಇಂಗ್ಲಿಷ್ ಸಲೀಸಾಗಿದೆ. ಉದ್ದ ವಾಕ್ಯ ಕಮ್ಮಿ, ಡಿಕ್ಷನರಿ ಹುಡುಕುವ ಕೆಲಸ ಬೀಳುವುದಿಲ್ಲ. ಹನ್ನೊಂದು ಹನ್ನೆರಡು ವಯಸ್ಸಿನವರು ಆರಾಮಾಗಿ ಓದಬಹುದು. ಅದಕ್ಕಿಂತ ಚಿಕ್ಕವರಿಗೆ ಕೊಡುವುದಾದರೆ ಯೂಲಿಯಸ್ ಅಂಕಲ್ ಸಾವು ಬರುವ ಜಾಗದಲ್ಲಿ ದೊಡ್ಡವರು ಜೊತೆಗಿರಿ. ಸೆರೆಯಾದ ಒಬ್ಬ ಪ್ರೊಫೆಸರನ್ನು ನಾಯಿಯಂತೆ ಕಟ್ಟಿಹಾಕಿದ ಸುದ್ದಿಯೂ ಬರುತ್ತದೆ, ಅದು ಇನ್ನೂ ಭಯಂಕರ. ಅದನ್ನು ನಾನು ತಮ್ಮನಿಗೆ ಓದಿ ಹೇಳಲಿಲ್ಲ.

ಇದಕ್ಕೆ ಇನ್ನೂ ಎರಡು ಭಾಗಗಳಿವೆ. ಎರಡನೆಯದು 'ಬಾಂಬ್ಸ್ ಆನ್ ಆಂಟ್ ಡೇಂಟಿ', ಲಂಡನ್ ಮೇಲೆ ಬಾಂಬ್ ಬೀಳುವ ವರ್ಷಗಳದ್ದು. ಅದರಲ್ಲಿ ಮ್ಯಾಕ್ಸ್‌ನನ್ನು ಇಂಗ್ಲಿಷರೇ ಶತ್ರು ದೇಶದವನು ಅಂತ ಹಿಡಿದು ಒಳಗೆ ಹಾಕುತ್ತಾರೆ. ಹಿಟ್ಲರ್‌ನಿಂದ ತಪ್ಪಿಸಿಕೊಂಡು ಬಂದ ಹುಡುಗ! ಲೇಖಕಿಯ ಅಣ್ಣನಿಗೂ ಹಾಗೇ ಆಗಿತ್ತು. ಆಮೇಲೆ ಅವರು ಬ್ರಿಟನ್ನಿನ ವಾಯುಪಡೆ ಸೇರಿದರು, ಮುಂದೆ ಅಲ್ಲಿನ ಮೇಲ್ಮನವಿ ನ್ಯಾಯಾಲಯದ ನ್ಯಾಯಾಧೀಶರೂ ಆದರು. ಆ ಪುಸ್ತಕ ತಂದಿದ್ದು ನಾನು, ಓದುತ್ತಿರೋದು ಅಕ್ಕ. ಕೇಳಿದರೆ 'ಇನ್ನೊಂದು ಅಧ್ಯಾಯ, ತಡಿ' ಅನ್ನುತ್ತಾಳೆ.